320 ಚೀಲ ರೊಬಸ್ಟಾ ಮಂಗಳೂರಿನಲ್ಲಿ ಹಡಗು ಹತ್ತುವವರೆಗೆ

ಇಪ್ಪತ್ತು ಅಡಿಯ ಒಂದು ಕಂಟೇನರ್‌ಗೆ 60 ಕೆಜಿಯ 320 ಚೀಲ ಕಾಫಿ ಬೀಜ ಹಿಡಿಯುತ್ತದೆ. ಒಟ್ಟು 19.2 ಟನ್. ಸ್ವಂತವಾಗಿ ರಫ್ತು ಮಾಡಲು ಹೊರಟ ಬೆಳೆಗಾರರು ಮೊದಲು ಕೇಳುವುದು, ‘ಇದಕ್ಕೆ ಎಷ್ಟು ಚೀಲ ಚೆರಿ ಬೇಕಾದೀತು?’ ಎಂದು. ಚೆರಿ ಎಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಲೆಕ್ಕ ತಪ್ಪುವುದೂ ಅಲ್ಲೇ. ಒಳ್ಳೆಯ ರೊಬಸ್ಟಾ ಚೆರಿಯ 50 ಕೆಜಿ ಚೀಲವನ್ನು ಹಲ್ ಮಾಡಿದರೆ, ಅಂದರೆ ಸಿಪ್ಪೆ ಬಿಡಿಸಿದರೆ, 26 ಕೆಜಿ ಬೀಜ ಬರುತ್ತದೆ. ಓಟಿ (ಔಟ್‌ಟರ್ನ್) 26 ಎನ್ನುವುದು ಇದನ್ನೇ. 19,200ನ್ನು 26ರಿಂದ ಭಾಗಿಸಿ 740 ಚೀಲ ಸಾಕು ಎಂದುಕೊಂಡರೆ ಕೆಲಸ ಕೆಟ್ಟಂತೆ. ಆ 26 ಕೆಜಿಯಲ್ಲಿ ಎಬಿ, ಪಿಬಿ, ಸಿ, ಬಿಬಿಬಿ ಎಲ್ಲ ಗ್ರೇಡೂ ಸೇರಿರುತ್ತದೆ. ಗಿರಾಕಿ ಕೇಳಿರುವುದು ಎಬಿ, ಅಂದರೆ 6 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲುವ ಬೀಜ ಮಾತ್ರ. ಲೆಕ್ಕಕ್ಕೆ ಅರ್ಧದಷ್ಟು ಎಬಿ ಎಂದು ಹಿಡಿದರೂ 1,480 ಚೀಲ ಚೆರಿ ಕೊಳ್ಳಬೇಕು. ಉಳಿದ ಅರ್ಧ ನಮ್ಮ ಗೋದಾಮಿನಲ್ಲೇ ಕೂರುತ್ತದೆ. ಅದನ್ನು ಊರ ಕಾಫಿಪುಡಿಯವರೋ ಇನ್‌ಸ್ಟಂಟ್ ಕಾಫಿ ಕಾರ್ಖಾನೆಯವರೋ ಯಾವ ದರಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾದ ಮೇಲೆಯೇ ನಾನು ಎಬಿಗೆ ದರ ಹೇಳುವುದು.

ದೇಶದ ಕಾಫಿಯಲ್ಲಿ ಸುಮಾರು ಶೇ. 70 ರಫ್ತಾಗುತ್ತದೆ. ಬೆಳೆಯಲ್ಲಿ ಸಿಂಹಪಾಲು ಕರ್ನಾಟಕದ್ದು. 2022-23ರಲ್ಲಿ ನಮ್ಮ ರಾಜ್ಯ ಬೆಳೆದದ್ದು 2,48,020 ಟನ್. ರಫ್ತಿನ ಮೊತ್ತ 2020-21ರಲ್ಲಿ ಸುಮಾರು 72 ಕೋಟಿ ಡಾಲರ್ ಇದ್ದದ್ದು 2023-24ಕ್ಕೆ 129 ಕೋಟಿಗೆ ಏರಿತು. ಬೆಳೆಯ ಬಹುಪಾಲು ಹಡಗು ಹತ್ತುವುದರಿಂದ ಸೋಮವಾರಪೇಟೆಯ ಕಣದಲ್ಲಿ ಒಣಗುತ್ತಿರುವ ಚೆರಿಗೂ ಲಂಡನ್ ವಾಯಿದಾ ಪೇಟೆಯ ದರವೇ ಆಧಾರ. ಆ ದರ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಓಟಿ, ತೇವಾಂಶ, ಡಿಫರೆನ್ಷಿಯಲ್ (ಲಂಡನ್ ದರದ ಮೇಲೆ ಸಿಗುವ ಮೊತ್ತ) ಮತ್ತು ಕಾಗದಪತ್ರ. ನಾಲ್ಕರಲ್ಲೂ ಗಟ್ಟಿಯಾಗಿದ್ದರೆ ಲಂಡನ್ ಎತ್ತ ಹೋದರೂ ಉಳಿಯಬಹುದು ಎಂಬುದು ನನ್ನ ಅನುಭವ.

ಓಟಿಯನ್ನು ಕಣ್ಣಳತೆಯಲ್ಲಿ ಹೇಳುವವರಿದ್ದಾರೆ. ನಾನು ಹಲ್ ಮಾಡಿ ನೋಡದೆ ಕೊಳ್ಳುವುದಿಲ್ಲ. ರಾಶಿಯ ಮೇಲಿನಿಂದ, ನಡುವಿನಿಂದ, ಗೋಡೆ ಬದಿಯಿಂದ, ಅಡಿಯಿಂದ ಹಿಡಿಹಿಡಿ ತೆಗೆದು ಕಲಸಿ, ಅದರಿಂದ ಒಂದು ಕೆಜಿ ತೂಗಿ ಸಣ್ಣ ಹಲ್ಲರ್‌ಗೆ ಹಾಕಬೇಕು. 520 ಗ್ರಾಂ ಬೀಜ ಬಂದರೆ ಓಟಿ 26. ಕೆಜಿಗೆ 20 ಗ್ರಾಂ ಕಡಿಮೆಯಾದರೆ ಚೀಲಕ್ಕೆ ಒಂದು ಪಾಯಿಂಟ್ ಹೋಯಿತು. 1,480 ಚೀಲಕ್ಕೆ ಒಂದೊಂದು ಪಾಯಿಂಟ್ ಎಂದರೆ 1,480 ಕೆಜಿ ಬೀಜ! ಬಂದ ಬೀಜವನ್ನು ಅಲ್ಲೇ ಜರಡಿಯಾಡಿಸಿ ಎಬಿ ಎಷ್ಟು ನಿಂತಿತು, ಕಪ್ಪು ಬೀಜ ಎಷ್ಟು, ಬೋರರ್ ಹುಳು ಕೊರೆದದ್ದು ಎಷ್ಟು ಎಂದು ಬರೆದುಕೊಳ್ಳಬೇಕು. ಓಟಿ 27 ಇದ್ದು ಎಬಿ ಕಡಿಮೆ ಇರುವ ಮಾಲಿಗಿಂತ ಓಟಿ 26 ಇದ್ದು ಬೀಜ ದಪ್ಪ ಇರುವ ಮಾಲು ರಫ್ತಿಗೆ ಲಾಭ. ಬೆಳೆಗಾರರಿಗೆ ಇದನ್ನು ತೋರಿಸಿ, ಬಿಡಿಸಿ ಹೇಳಿಯೇ ದರ ಕೊಡಬೇಕು. ಮುಚ್ಚಿಟ್ಟು ಕೊಂಡರೆ ಮರುವರ್ಷ ಆ ಮನೆಯ ಮಾಲು ಸಿಗುವುದಿಲ್ಲ, ಸಿಗಲೂ ಬಾರದು.

ಇನ್ನು ತೇವಾಂಶ. ರೊಬಸ್ಟಾ ಚೆರಿಗೆ ಶೇ. 11ರ ಹತ್ತಿರ ಇರಬೇಕು. ಶೇ. 12ರಲ್ಲಿ ಕೊಂಡ 19,200 ಕೆಜಿ ಬೀಜ ಒಣಗಿ ಶೇ. 11ಕ್ಕೆ ಬಂದರೆ 216 ಕೆಜಿ ಆವಿಯಾಗಿ ಹೋಗಿರುತ್ತದೆ. ಟನ್ನಿಗೆ 4,000 ಡಾಲರ್ ದರವಿದ್ದಾಗ 860 ಡಾಲರ್. ಕಂಟೇನರ್ ಒಂದರ ಲಾಭವೇ ಕೆಲವೊಮ್ಮೆ ಅಷ್ಟಿರುವುದಿಲ್ಲ. ಹಾಗಂತ ಒಣಗಿಸದೆ ಕಳಿಸಿದರೆ ಇನ್ನೂ ದೊಡ್ಡ ನಷ್ಟ: ಬೂಷ್ಟು ಹಿಡಿಯುತ್ತದೆ, ಬೂಷ್ಟಿನಿಂದ ಓಕ್ರಾಟಾಕ್ಸಿನ್ ಎಂಬ ವಿಷ ಬರುತ್ತದೆ. ಯುರೋಪ್ ಒಕ್ಕೂಟದಲ್ಲಿ ಹುರಿದ ಕಾಫಿಗೆ ಇದರ ಮಿತಿ ಕೆಜಿಗೆ 3 ಮೈಕ್ರೋಗ್ರಾಂ. ಮಿತಿ ಹುರಿದ ಬೀಜಕ್ಕಾದರೂ ಹುರಿಯುವವರು ಅದನ್ನು ಹಸಿ ಬೀಜದಲ್ಲೇ ಪರೀಕ್ಷಿಸಿ ಕೊಳ್ಳುತ್ತಾರೆ.

ಮೀಟರ್‌ಗಳ ಜಗಳ ಬೇರೆ ಇದೆ. ನಮ್ಮ ಮೀಟರ್ 11.2 ತೋರಿಸಿದ್ದನ್ನು ಗಿರಾಕಿಯ ಮೀಟರ್ 12.1 ಎನ್ನುವುದುಂಟು. ಮೀಟರ್ ಅಳೆಯುವುದು ಬೀಜದೊಳಗಿನ ವಿದ್ಯುತ್ ಗುಣವನ್ನು, ನೇರವಾಗಿ ನೀರನ್ನಲ್ಲ. ಬೀಜ ಬಿಸಿಯಿದ್ದರೆ, ಆಗತಾನೇ ಹಲ್ಲರ್‌ನಿಂದ ಇಳಿದಿದ್ದರೆ ಅಂಕಿ ಏರುಪೇರಾಗುತ್ತದೆ. ಅದಕ್ಕೆ ಒಪ್ಪಂದದಲ್ಲೇ ‘ತೇವಾಂಶ ಐಎಸ್‌ಒ 6673 ಪ್ರಕಾರ’ ಎಂದು ಬರೆಸಿಕೊಳ್ಳಿ. ಅದು 105 ಡಿಗ್ರಿ ಒಲೆಯಲ್ಲಿ 16 ಗಂಟೆ ಇಟ್ಟು ತೂಕ ನೋಡುವ ವಿಧಾನ. ಅಲ್ಲಿ ವಾದಕ್ಕೆ ಆಸ್ಪದ ಕಡಿಮೆ. ನಮ್ಮ ಮೀಟರನ್ನು ಹಂಗಾಮಿನ ಮೊದಲಲ್ಲೊಮ್ಮೆ, ನಡುವಲ್ಲೊಮ್ಮೆ ಇದೇ ವಿಧಾನದ ಜೊತೆ ಹೋಲಿಸಿ ಸರಿಮಾಡಿಸಬೇಕು.

ದರದ ವಿಷಯಕ್ಕೆ ಬರೋಣ. 1990ರ ದಶಕದ ಮೊದಲ ಭಾಗದವರೆಗೆ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ (ಒಟ್ಟು ಸಂಗ್ರಹಕ್ಕೆ) ಹೋಗುತ್ತಿತ್ತು, ಮಾರುವ ಹೊಣೆ ಬೋರ್ಡಿನದಾಗಿತ್ತು, ಬೆಳೆಗಾರರಿಗೆ ಕಂತುಕಂತಾಗಿ ಹಣ ಬರುತ್ತಿತ್ತು. ಪೂಲ್ ಹೋದ ಮೇಲೆ ಒಳ್ಳೆಯ ದರ ನಮ್ಮದಾಯಿತು, ದರ ಬೀಳುವ ಭಯವೂ ನಮ್ಮದೇ ಆಯಿತು. ಈಗ ಯುರೋಪಿನ ಗಿರಾಕಿಗೆ ಮಾರುವಾಗ ‘ಟನ್ನಿಗೆ ಇಷ್ಟು’ ಎಂದು ಗಟ್ಟಿ ದರ ಹೇಳುವುದಕ್ಕಿಂತ ‘ಜುಲೈ ಲಂಡನ್ ಮೇಲೆ ಇಷ್ಟು ಡಾಲರ್’ ಎಂದು ಹೇಳುವುದೇ ಹೆಚ್ಚು. ಜುಲೈ ಲಂಡನ್ ಎಂದರೆ ಲಂಡನ್ ಪೇಟೆಯಲ್ಲಿ ಜುಲೈ ವಾಯಿದೆಯ ದರ, ಅದರ ಮೇಲಿನ ಮೊತ್ತವೇ ಡಿಫರೆನ್ಷಿಯಲ್. ಭಾರತದ ರೊಬಸ್ಟಾ ನೆರಳಿನಲ್ಲಿ ಬೆಳೆದದ್ದು, ಕೈಯಲ್ಲಿ ಬಿಡಿಸಿದ್ದು, ಎಸ್ಪ್ರೆಸೊಗೆ ಒಳ್ಳೆಯ ಮೈ ಕೊಡುವಂಥದ್ದು; ಹಾಗಾಗಿ ಲಂಡನ್‌ಗಿಂತ ಮೇಲೆಯೇ ಮಾರುತ್ತದೆ. ಇಟಲಿಯವರು ನಮ್ಮ ದೊಡ್ಡ ಗಿರಾಕಿಗಳಾಗಿರುವುದು ಇದೇ ಕಾರಣಕ್ಕೆ.

ಲಂಡನ್ ಪೇಟೆಯಲ್ಲಿ ರೊಬಸ್ಟಾ ವಹಿವಾಟಿನ ಒಂದು ಘಟಕ, ಅಂದರೆ ಲಾಟ್, 10 ಟನ್. ನಮ್ಮ ಕಂಟೇನರ್ ಎಂದರೆ ಎರಡು ಲಾಟ್, ಚೂರು ಕಡಿಮೆ. ನಾನು ಒಪ್ಪಂದದಲ್ಲಿ ‘ಸೆಲ್ಲರ್ಸ್ ಕಾಲ್’ ಎಂದು ಕೇಳುತ್ತೇನೆ. ಎಂದರೆ ಯಾವ ದಿನದ ಲಂಡನ್ ದರ ಎಂದು ಹೇಳುವ ಹಕ್ಕು ನಮ್ಮದು. ನಾವು ಫೋನ್ ಮಾಡಿದ ಕ್ಷಣಕ್ಕೆ ಗಿರಾಕಿಯವರು ಅಲ್ಲಿ ಲಾಟ್ ಫಿಕ್ಸ್ ಮಾಡುತ್ತಾರೆ, ಅಂದರೆ ಆ ಕ್ಷಣದ ದರವನ್ನು ಗಟ್ಟಿ ಮಾಡುತ್ತಾರೆ. ನಾವೇ ಲಂಡನ್‌ನಲ್ಲಿ ಖಾತೆ ತೆರೆದು ಮಾರ್ಜಿನ್ (ಮುಂಗಡ ಠೇವಣಿ) ಕಟ್ಟುವ ಗೋಜಿಲ್ಲ. ಪದ್ಧತಿ ಸರಳ: 740 ಚೀಲ ಚೆರಿ ಕೊಂಡ ದಿನ ಒಂದು ಲಾಟ್ ಫಿಕ್ಸ್, ಉಳಿದ 740 ಕೊಂಡ ದಿನ ಇನ್ನೊಂದು. ಕೊಂಡದ್ದು ಆ ದಿನದ ಲಂಡನ್ ದರದ ಲೆಕ್ಕದಲ್ಲಿ, ಮಾರಿದ್ದೂ ಅದೇ ದರದಲ್ಲಿ. ಉಳಿಯುವುದು ಡಿಫರೆನ್ಷಿಯಲ್ ಮಾತ್ರ, ಅದರಲ್ಲಿ ಕ್ಯೂರಿಂಗ್ (ಹಲ್ ಮಾಡಿ, ಗ್ರೇಡ್ ಮಾಡುವ ಕೆಲಸ), ಗೋಣಿ, ಲಾರಿ, ಬಡ್ಡಿ ಕಳೆದರೆ ನಮ್ಮ ಪಾಲು.

ಇಲ್ಲಿ ಎಡವುವುದು ಆಸೆಯಿಂದ. ಚೆರಿ ಕೊಂಡಾಗಿದೆ, ಲಂಡನ್ ಏರುತ್ತಿದೆ, ‘ಇನ್ನೆರಡು ದಿನ ನೋಡೋಣ’ ಎನಿಸುತ್ತದೆ. 400 ಡಾಲರ್ ಬಿದ್ದರೆ ಆ ಒಂದು ಕಂಟೇನರ್‌ನಲ್ಲೇ 7,680 ಡಾಲರ್ ಹೋಯಿತು. 2024ರಿಂದೀಚೆಗೆ ರೊಬಸ್ಟಾ 5,000 ಡಾಲರ್ ದಾಟಿ ಏರಿದ ದಿನಗಳಲ್ಲಿ ಇಂಥ ಇಳಿತ ಅಪರೂಪವಾಗಿರಲಿಲ್ಲ. ಬೆಳೆಗಾರರು ಕಾಫಿ ಇಟ್ಟುಕೊಂಡು ಕಾಯಬಹುದು, ಅದು ಅವರ ಹಕ್ಕು, ಅವರ ದುಡಿಮೆ. ರಫ್ತುದಾರರು ಬ್ಯಾಂಕಿನ ಪ್ಯಾಕಿಂಗ್ ಕ್ರೆಡಿಟ್ (ರಫ್ತಿಗೆ ಮುಂಚಿನ ಸಾಲ) ತೆಗೆದುಕೊಂಡು ಕಾಯಬಾರದು. ಫಿಕ್ಸ್ ಆದ ಕೂಡಲೇ ಆ ಡಾಲರ್ ಮೊತ್ತಕ್ಕೆ ಬ್ಯಾಂಕಿನಲ್ಲಿ ಫಾರ್ವರ್ಡ್ ಬುಕ್ ಮಾಡಿ ಮುಂದಿನ ವಿನಿಮಯ ದರವನ್ನು ಈಗಲೇ ಗೊತ್ತುಮಾಡಿಬಿಟ್ಟರೆ ರೂಪಾಯಿಯ ಚಿಂತೆಯೂ ಕಳೆಯಿತು.

ಇನ್ನು ನೋಂದಣಿಗಳು. ಡಿಜಿಎಫ್‌ಟಿಯಿಂದ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಐಇಸಿ ಎಂಬ ಆಮದು-ರಫ್ತು ಸಂಖ್ಯೆ, ಕಾಫಿ ಬೋರ್ಡಿನಲ್ಲಿ ರಫ್ತುದಾರರ ನೋಂದಣಿ, ಹಡಗು ಹತ್ತುವ ಬಂದರಿಗೆ ರಫ್ತಿನ ಹಣ ಪಡೆಯುವ ಬ್ಯಾಂಕಿನ ಎಡಿ ಕೋಡ್, ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿಯ ಎಲ್‌ಯುಟಿ ಮುಚ್ಚಳಿಕೆ. ಐಇಸಿಯನ್ನು ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡದಿದ್ದರೆ ನಿಷ್ಕ್ರಿಯವಾಗುತ್ತದೆ, ಮಾಲು ಬಂದರಿಗೆ ಹೋದ ಮೇಲೆ ಅದು ಗೊತ್ತಾದರೆ ದಿನದಿನಕ್ಕೂ ಬಾಡಿಗೆ ಕಟ್ಟಬೇಕು. ಸರಕಿಗೆ ಕಾಫಿ ಬೋರ್ಡಿನ ಪರ್ಮಿಟ್ ಮತ್ತು ಐಸಿಒ (ಅಂತಾರಾಷ್ಟ್ರೀಯ ಕಾಫಿ ಸಂಸ್ಥೆ) ಮೂಲ ಪ್ರಮಾಣಪತ್ರ ಬೇಕು. ಚೀಲದ ಮೇಲಿನ ಐಸಿಒ ಗುರುತಿನಲ್ಲಿ ಭಾರತದ ಸಂಖ್ಯೆ 14, ಆಮೇಲೆ ರಫ್ತುದಾರರ ಸಂಖ್ಯೆ, ಆಮೇಲೆ ಸರಕಿನ ಲಾಟ್ ಸಂಖ್ಯೆ (ಇದು ಲಂಡನ್ ಲಾಟ್ ಅಲ್ಲ). ಚೀಲದ ಮೇಲೆ, ಪ್ರಮಾಣಪತ್ರದಲ್ಲಿ, ಬಿಲ್ ಆಫ್ ಲೇಡಿಂಗ್‌ನಲ್ಲಿ (ಹಡಗಿನವರು ಕೊಡುವ ಸರಕಿನ ರಸೀದಿ) ಈ ಅಂಕಿಗಳು ಒಂದೇ ಆಗಿರಬೇಕು.

ಯುರೋಪಿಗೆ ಹೋಗುವ ಹಸಿ ಬೀಜಕ್ಕೆ ಅಲ್ಲಿ ಆಮದು ಸುಂಕವೇ ಇಲ್ಲ. ಸುಂಕ ರಿಯಾಯಿತಿಯ ಪ್ರಮಾಣಪತ್ರ ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಸುಂಕ ಇರುವುದು ಹುರಿದ ಕಾಫಿಗೆ, ಶೇ. 7.5. ಬೀಜ ತನ್ನಿ, ಹುರಿಯುವ ಕೆಲಸ ನಮಗೆ ಬಿಡಿ ಎಂಬುದು ಅದರ ಅರ್ಥ. ಹುರಿದು ಪ್ಯಾಕ್ ಮಾಡುವ ಹಂತದ ಗಳಿಕೆ ನಮ್ಮ ಊರುಗಳಿಗೆ ಬರದಿರಲು ಇದೂ ಒಂದು ಕಾರಣ, ಈ ವ್ಯಾಪಾರದಲ್ಲಿ ನನ್ನನ್ನು ಹೆಚ್ಚು ಬಾಧಿಸುವ ಸಂಗತಿಯೂ ಇದೇ.

ಗೋಣಿಯಲ್ಲಿ ಉಳಿತಾಯ ಬೇಡ. ಖನಿಜ ಎಣ್ಣೆ ಬಳಸಿ ನೇಯ್ದ ಸಾದಾ ಗೋಣಿಯ ಸೀಮೆಎಣ್ಣೆ ವಾಸನೆ ತಿಂಗಳ ಪ್ರಯಾಣದಲ್ಲಿ ಬೀಜಕ್ಕೆ ಇಳಿಯುತ್ತದೆ, ಕಪ್‌ನಲ್ಲಿ ಗೊತ್ತಾಗುತ್ತದೆ. ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಆಹಾರ ದರ್ಜೆಯ ಗೋಣಿಯೇ ಆಗಬೇಕು. ಖಾಲಿ ಕಂಟೇನರ್ ಬಂದಾಗ ಒಳಗೆ ಹೋಗಿ ಬಾಗಿಲು ಮುಚ್ಚಿಸಿಕೊಳ್ಳಿ. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿಂದ ಸಮುದ್ರದ ನೀರು ಬರುತ್ತದೆ. ಹಾಗೇ ಐದು ನಿಮಿಷ ನಿಂತು ಮೂಸಿ ನೋಡಿ: ಮೀನು, ರಸಗೊಬ್ಬರ, ಮೆಣಸು, ಫಿನಾಯಿಲ್, ಯಾವ ವಾಸನೆ ಇದ್ದರೂ ವಾಪಸ್ ಕಳಿಸಿ. ನೆಲದ ಹಲಗೆ ತೊಳೆದು ಒಣಗದಿದ್ದರೆ ಅದೂ ಬೇಡ. ಮೇಲೆ ಒಣಗಿದಂತೆ ಕಂಡರೂ ಸಂದಿಗೆ ಬೆರಳಿಟ್ಟರೆ ತಂಪು ತಿಳಿಯುತ್ತದೆ.

ಮಂಗಳೂರಿನ ಸೆಕೆಯಲ್ಲಿ ತುಂಬಿದ ಕಂಟೇನರ್ ಚಳಿಯ ಊರಿಗೆ ಹೋದಾಗ ಒಳಗಿನ ಗಾಳಿಯ ತೇವ ಚಾವಣಿಗೆ ತಾಗಿ ಹನಿಯಾಗಿ ಚೀಲದ ಮೇಲೆ ಬೀಳುತ್ತದೆ. ಕಂಟೇನರ್ ಮಳೆ ಎನ್ನುತ್ತಾರೆ. ಕೊಳೆಯುವುದು ಯಾವಾಗಲೂ ಮೇಲಿನ ಸಾಲು ಮತ್ತು ಗೋಡೆ ಬದಿ. ನೆಲಕ್ಕೂ ಗೋಡೆಗೂ ದಪ್ಪ ಕ್ರಾಫ್ಟ್ ಕಾಗದ, ಮೇಲಿನ ಸಾಲಿಗೆ ಇನ್ನೊಂದು ಪದರ, ಪಕ್ಕಗಳಲ್ಲಿ ಚೀಲಕ್ಕೆ ತಾಗದಂತೆ ತೇವ ಹೀರುವ ಪೊಟ್ಟಣಗಳು. ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ, ಬೀಜದಿಂದ ಏಳುವ ತೇವ ಅದರಡಿಯಲ್ಲೇ ನಿಲ್ಲುತ್ತದೆ. ಸರಕನ್ನು ಡೆಕ್ ಕೆಳಗೆ, ಬಿಸಿಯಿಂದ ದೂರ ಇಡಬೇಕೆಂದು ಬುಕಿಂಗ್‌ನಲ್ಲೇ ಬರೆಸಿ.

ಮಳೆಗಾಲದಲ್ಲಿ ಹಾಸನದಿಂದ ಕಳಿಸುವವರು ಶಿರಾಡಿ ಘಾಟಿಯನ್ನು ನಂಬಿ ಕೊನೆಯ ದಿನಕ್ಕೆ ಲಾರಿ ಬಿಡಬಾರದು. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಹಡಗು ತಪ್ಪುತ್ತದೆ, ಹಡಗು ತಪ್ಪಿದರೆ ಒಪ್ಪಂದದ ತಿಂಗಳು ತಪ್ಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ನಾಲ್ಕು ದಿನ ಹೆಚ್ಚು ಇಟ್ಟುಕೊಳ್ಳುತ್ತೇನೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹಳಷ್ಟು ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋಗಬೇಕಾಯಿತು. ದಿನ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ಬಾಡಿಗೆ ಹೀಗೆ ಏರಿಳಿಯುವಾಗ ಎಫ್‌ಒಬಿ (ಹಡಗು ಹತ್ತಿಸುವವರೆಗಿನ ದರಕ್ಕೆ) ಮಾರುವುದೇ ಕ್ಷೇಮ, ಹಡಗಿನ ಬಾಡಿಗೆ ಗಿರಾಕಿಯ ಲೆಕ್ಕಕ್ಕೆ ಹೋಗುತ್ತದೆ.

ಹಣ ಎಲ್‌ಸಿಯಲ್ಲಿ (ದಾಖಲೆ ಸರಿ ಇದ್ದರೆ ಹಣ ಕೊಡುವ ಬ್ಯಾಂಕಿನ ಭರವಸೆ ಪತ್ರ) ಬರುವುದಾದರೆ ಅದರಲ್ಲಿನ ಪ್ರಮಾಣದ ಸಾಲನ್ನು ಎರಡು ಸಲ ಓದಿ. ಎಲ್‌ಸಿಗಳ ಅಂತಾರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600ರ 30ನೇ ವಿಧಿಯಲ್ಲಿ ಶೇ. 5 ಹೆಚ್ಚುಕಡಿಮೆಗೆ ಅವಕಾಶ ಇದೆ ಎಂದು ಎಲ್ಲರೂ ನೆಚ್ಚಿಕೊಂಡಿರುತ್ತಾರೆ. ಆದರೆ ಎಲ್‌ಸಿಯಲ್ಲಿ ‘320 ಚೀಲ’ ಎಂದು ಎಣಿಕೆಯಲ್ಲಿ ಹೇಳಿದ್ದರೆ ಆ ಅವಕಾಶ ಅನ್ವಯಿಸುವುದಿಲ್ಲ. ಒಂದು ಚೀಲ ಹರಿದು 319 ಹೋದರೂ ದಾಖಲೆಯಲ್ಲಿ ದೋಷ ಎಂದು ಬ್ಯಾಂಕ್ ತಡೆಹಿಡಿಯಬಹುದು. ‘ಸುಮಾರು’ ಎಂಬ ಪದ ಸೇರಿಸಿದರೆ ಶೇ. 10 ಸಡಿಲ ಸಿಗುತ್ತದೆ. ಎಲ್‌ಸಿ ತೆರೆಯುವ ಮುಂಚೆಯೇ ಕೇಳಿ ಸೇರಿಸಿಕೊಳ್ಳಿ. ಹಡಗು ಹತ್ತಿದ 21 ದಿನದೊಳಗೆ, ಎಲ್‌ಸಿಯ ಅವಧಿಯೂ ಮುಗಿಯದಂತೆ ದಾಖಲೆ ಕೊಡಬೇಕು. ನಾನು ಬಿಲ್ ಆಫ್ ಲೇಡಿಂಗ್‌ನ ಕರಡನ್ನು ಎಲ್‌ಸಿ ಪಕ್ಕದಲ್ಲಿಟ್ಟು, ಗಿರಾಕಿಯ ಹೆಸರಿನ ಪ್ರತಿ ಅಕ್ಷರಕ್ಕೂ ಪೆನ್ಸಿಲ್ ತಾಗಿಸುತ್ತಾ ಓದುತ್ತೇನೆ.

ಯುರೋಪಿನ ಅರಣ್ಯನಾಶ ತಡೆ ಕಾಯ್ದೆ 2023ರದು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ, ಅದನ್ನು ನೋಡಿ ತಯಾರಿ ನಿಲ್ಲಿಸಬಾರದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋರಿಸಲು ತೋಟದ ಭೂ ನಿರ್ದೇಶಾಂಕ ಬೇಕು, 4 ಹೆಕ್ಟೇರ್‌ಗಿಂತ ದೊಡ್ಡ ತುಂಡಾದರೆ ಗಡಿಯುದ್ದಕ್ಕೂ. ಪಹಣಿಯ ಸರ್ವೆ ನಂಬರ್ ಇದಕ್ಕೆ ಸಾಲದು. ಕೊಡಗಿನ ಜಮ್ಮಾ ಬಾಣೆ ಎಂಬ ಪಾರಂಪರಿಕ ಹಿಡುವಳಿಯಲ್ಲಂತೂ ಪಹಣಿ ಅಜ್ಜನ ಹೆಸರಿನಲ್ಲಿ ಇರುತ್ತದೆ, ಕಾಫಿ ತರುವುದು ಮೊಮ್ಮಗ. ಕ್ಯೂರಿಂಗ್‌ನಲ್ಲಿ ಹತ್ತಾರು ತೋಟಗಳ ಮಾಲು ಒಂದೇ ಲಾಟ್ ಆಗುವುದರಿಂದ, ನಿರ್ದೇಶಾಂಕ ಇಲ್ಲದ ಐದು ಚೀಲ ಬೆರೆತರೂ ಇಡೀ ಲಾಟ್ ಅನುಮಾನಕ್ಕೆ ಬೀಳುತ್ತದೆ. ಚೆರಿ ಇಳಿಸುವ ದಿನವೇ, ಹಣ ಕೊಡುವ ಮುಂಚೆ, ತೋಟದ ಗುರುತು ದಾಖಲಾಗಬೇಕು. ಆಮೇಲೆ ಹುಡುಕಿಕೊಂಡು ಹೋಗಿ ಪಡೆಯುವುದು ಕಷ್ಟ. ಅದೇ ದಿನ ಕ್ಲೋರ್‌ಪೈರಿಫಾಸ್ ಕೀಟನಾಶಕ ಹೊಡೆದಿದ್ದೀರಾ ಎಂದೂ ಕೇಳಿ. ಯುರೋಪ್ ಅದರ ಅನುಮತಿಯನ್ನು 2020ರಲ್ಲೇ ನಿಲ್ಲಿಸಿದೆ. ಹೊಡೆದ ಮಾಲನ್ನು ಬೇರೆ ಇಡುವುದೇ ದಾರಿ.

ಲಾಟ್ ಕಟ್ಟುವಾಗ ಪ್ರತಿ ಹತ್ತು ಚೀಲಕ್ಕೆ ಒಂದರಿಂದ ಬೀಜ ತೆಗೆದು, ಕಲಸಿ, ಮೂರು ಪಾಲು ಮಾಡುತ್ತೇವೆ. ಒಂದು ಗಿರಾಕಿಗೆ, ಅವರು ಒಪ್ಪಿದ ಮೇಲೆಯೇ ಕಂಟೇನರ್ ತುಂಬುವುದು. ಒಂದು ಪ್ರಯೋಗಾಲಯಕ್ಕೆ. ಮೂರನೆಯದು ಸೀಲ್ ಮಾಡಿದ ಡಬ್ಬಿಯಲ್ಲಿ, ಲಾಟ್ ಸಂಖ್ಯೆ ಮತ್ತು ತೇವಾಂಶ ಬರೆದು, ಒಪ್ಪಂದದಲ್ಲಿ ದೂರು ಕೊಡಲು ಇರುವ ಗಡುವು ಮುಗಿಯುವವರೆಗೆ ನಮ್ಮ ಕಪಾಟಿನಲ್ಲಿ ಇರುತ್ತದೆ. ಹಣ ಬಂದಿದೆ ಎಂದು ಅದನ್ನು ಮೊದಲೇ ಹುರಿದು ಕುಡಿಯಬಾರದು.