ವೃದ್ಧಾಶ್ರಮದ ತಪಾಸಣೆ: ನಾನು ನೋಡುವ ಬಗೆ

ತಪಾಸಣೆಗೆ ಬಂದವರನ್ನು ವೃದ್ಧಾಶ್ರಮದವರು ಮೊದಲು ಕೂರಿಸುವುದು ಆಫೀಸಿನಲ್ಲಿ. ಮೇಜಿನ ಮೇಲೆ ಫೈಲುಗಳು ಸಾಲಾಗಿ ಕಾಯುತ್ತಿರುತ್ತವೆ: ನಿಯಮಾವಳಿ, ತರಬೇತಿಯ ಪ್ರಮಾಣಪತ್ರಗಳು, ಅಗ್ನಿಶಾಮಕ ಸಿಲಿಂಡರ್ ಪರೀಕ್ಷಿಸಿದ ಚೀಟಿ. ಅಲ್ಲಿ ಕೂತರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ನಾನು ಬ್ಯಾಗ್ ಅಲ್ಲಿಟ್ಟು, ನಿವಾಸಿಗಳ ಪಟ್ಟಿಯೊಂದನ್ನು ಮಾತ್ರ ಇಸಿದುಕೊಂಡು ಒಳಗೆ ಹೋಗಿಬಿಡುತ್ತೇನೆ. ಫೈಲು ಓದುವುದಿದ್ದೇ ಇದೆ. ಆದರೆ ಯಾರ ಫೈಲು ಓದಬೇಕೆಂಬುದು ಮೊದಲು ಗೊತ್ತಾಗಬೇಕು.

ಪಟ್ಟಿಯಿಂದ ನಾಲ್ಕು ಜನರನ್ನು ಆರಿಸಿಕೊಳ್ಳುತ್ತೇನೆ. ಚೆನ್ನಾಗಿ ಮಾತಾಡುವವರನ್ನು, ಬಂದವರನ್ನೆಲ್ಲ ನಗುತ್ತಾ ಮಾತಾಡಿಸುವವರನ್ನು ವ್ಯವಸ್ಥಾಪಕರೇ ಪರಿಚಯ ಮಾಡಿಕೊಡುತ್ತಾರೆ, ಅವರನ್ನು ಹುಡುಕಬೇಕಿಲ್ಲ. ನನಗೆ ಬೇಕಾದವರು ಬೇರೆ. ಹಾಸಿಗೆ ಬಿಟ್ಟು ಏಳಲಾಗದವರು ಒಬ್ಬರು, ಡಿಮೆನ್ಷಿಯಾದಿಂದ (ನೆನಪು, ಬುದ್ಧಿ ಕುಂದುವ ಕಾಯಿಲೆ) ಮಾತು ಕಳೆದುಕೊಂಡವರು ಒಬ್ಬರು, ಈಚೆಗೆ ಸೇರಿದವರು ಒಬ್ಬರು, ನೋಡಲು ಯಾರೂ ಬಾರದವರು ಒಬ್ಬರು. ಆರೈಕೆ ಸಡಿಲವಾದಾಗ ಅದರ ಬಿಸಿ ಮೊದಲು ತಟ್ಟುವುದು ಇಂಥವರಿಗೆ. ಗಟ್ಟಿಯಾಗಿ ಕೇಳಿ ಪಡೆಯಬಲ್ಲವರಿಗೆ ಅಲ್ಲ. ಈ ನಾಲ್ವರ ದಿನ ಹೇಗೆ ಕಳೆಯುತ್ತದೆ ಎಂದು ಬೆನ್ನು ಹತ್ತಿದರೆ ಅಡುಗೆಮನೆ, ಔಷಧಿ ಕಪಾಟು, ರಾತ್ರಿ ಪಾಳಿ ಎಲ್ಲವೂ ತಾವಾಗಿಯೇ ದಾರಿಯಲ್ಲಿ ಸಿಗುತ್ತವೆ.

ಹಾಸಿಗೆ ಹಿಡಿದವರಿಂದ ಶುರು ಮಾಡುತ್ತೇನೆ. ಅವರನ್ನು ಕೇಳಿ, ಅವರು ಒಪ್ಪಿದರೆ, ನರ್ಸ್ ಜೊತೆಗಿದ್ದು ಕಾಲುಚೀಲ ತೆಗೆಸಿ ಹಿಮ್ಮಡಿ ನೋಡುತ್ತೇನೆ. ಬೆಡ್‌ಸೋರ್ (ಒಂದೇ ಮಗ್ಗುಲಲ್ಲಿ ಮಲಗಿ ಒತ್ತಡದಿಂದ ಆಗುವ ಹುಣ್ಣು) ಎಂದರೆ ಎಲ್ಲರ ಗಮನ ಬೆನ್ನಿನ ಕೆಳಭಾಗಕ್ಕೆ ಹೋಗುತ್ತದೆ. ಹಿಮ್ಮಡಿ ಕಾಲುಚೀಲದೊಳಗೇ ಮರೆತುಹೋಗಿರುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಅಲ್ಲಿ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹಾಗೇ ನಿಂತರೆ, ಚರ್ಮ ಒಡೆಯದಿದ್ದರೂ, ಅದು ಮೊದಲ ಹಂತದ ಹುಣ್ಣು. ಕಪ್ಪು ಚರ್ಮದವರಲ್ಲಿ ಈ ಕೆಂಪು ಕಣ್ಣಿಗೇ ಬೀಳದಿರಬಹುದು. ಅಂಥ ಕಡೆ ಬಣ್ಣವನ್ನು ನಂಬದೆ ಕೈಯನ್ನು ನಂಬಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ, ಮುಟ್ಟಿದರೆ ಮುಖ ಹಿಂಡುತ್ತಾರೆಯೇ.

ಇಷ್ಟಾದ ಮೇಲೆ ಅವರ ಫೈಲು. ಬೆಡ್‌ಸೋರ್ ಆಗುವ ಸಂಭವ ಅಳೆಯಲು ಹೆಚ್ಚಿನ ಕಡೆ ಬ್ರೇಡನ್ ಮಾಪಕ ಬಳಸುತ್ತಾರೆ. 1987ರಿಂದ ಬಳಕೆಯಲ್ಲಿರುವ ಇದರಲ್ಲಿ ಅಂಕ 6ರಿಂದ 23ರವರೆಗೆ, ಕಡಿಮೆಯಾದಷ್ಟೂ ಅಪಾಯ ಹೆಚ್ಚು, 18 ಅಥವಾ ಅದಕ್ಕಿಂತ ಕೆಳಗೆ ಬಂದರೆ ಎಚ್ಚರ ವಹಿಸಬೇಕು. ಅಂಕ ಬರೆದಿದ್ದಾರೋ ಇಲ್ಲವೋ ಎಂದು ಟಿಕ್ ಹಾಕಿ ಮುಂದೆ ಹೋಗುವ ತಪಾಸಕರಿದ್ದಾರೆ. ನನ್ನ ಪ್ರಶ್ನೆ ಅದಲ್ಲ. 12 ಬಂದಿದೆ, ಸರಿ; 12 ಬಂದ ದಿನದಿಂದ ಈ ಮನುಷ್ಯರಿಗೆ ಏನು ಬದಲಾಯಿತು? ಗಾಳಿ ಹಾಸಿಗೆ ಕೊಟ್ಟಿದ್ದೇವೆ ಅನ್ನುತ್ತಾರೆ. ಬಗ್ಗಿ ಪಂಪ್ ನೋಡಿ. ಮಲಗಿದವರ ತೂಕ ನಲವತ್ತು ಕಿಲೋ ಆಸುಪಾಸು, ಅದಕ್ಕೆ ಹೊಂದಿಸಬೇಕಾದ ಪಂಪಿನ ಗುಂಡಿ ನೂರು ಕಿಲೋಗೆ ತಿರುಗಿರುತ್ತದೆ. ಅಷ್ಟು ಬಿಗಿಯಾಗಿ ಉಬ್ಬಿದ ಹಾಸಿಗೆ ಅವರ ಪಾಲಿಗೆ ಹಲಗೆಯೇ ಸರಿ. ದುಡ್ಡು ಖರ್ಚಾಗಿದೆ, ಕಾಗದವೂ ಸರಿಯಾಗಿದೆ, ಹಿಮ್ಮಡಿ ಮಾತ್ರ ಕೆಂಪು.

ಮಗ್ಗುಲು ಬದಲಿಸಿದ ಚಾರ್ಟ್ ಮಂಚದ ಬುಡದಲ್ಲಿ ನೇತಾಡುತ್ತಿರುತ್ತದೆ. 10, 12, 2, 4: ಎಲ್ಲಾ ಸಮಯವೂ ಗೆರೆ ಎಳೆದ ಹಾಗೆ. ನಿಜವಾಗಿ ಕೆಲಸ ಮಾಡಿದವರ ಚಾರ್ಟ್ ಹೀಗಿರುವುದಿಲ್ಲ. ಅದರಲ್ಲಿ 10.20 ಇರುತ್ತದೆ, 12.05 ಇರುತ್ತದೆ, ‘ಬೇಡ ಅಂದರು, ಆಮೇಲೆ ಬರುತ್ತೇನೆ’ ಎಂದು ಒಂದು ಕಡೆ ಗೀಚಿರುತ್ತದೆ. ಪಾಳಿ ಬದಲಾದ ಮೇಲೂ ಅದೇ ಪೆನ್ನು, ಅದೇ ಕೈಬರಹ ಮುಂದುವರಿದಿದ್ದರೆ ಕೂತಲ್ಲೇ ತುಂಬಿದ್ದು ಎಂದು ತಿಳಿಯಲು ಪತ್ತೇದಾರನಾಗಬೇಕಿಲ್ಲ. ಒಮ್ಮೆ ನಾನು ನಿಂತಿದ್ದಾಗ ಗಂಟೆ ಹನ್ನೊಂದೂವರೆ. ಚಾರ್ಟಿನಲ್ಲಿ 12ರ ಸಾಲು ಆಗಲೇ ಭರ್ತಿಯಾಗಿತ್ತು, ‘ಎಡಮಗ್ಗುಲು’ ಎಂದು. ಅಜ್ಜಿ ಅಂಗಾತ ಮಲಗಿದ್ದರು. ನೀರಿನ ಚಾರ್ಟಿನಲ್ಲಿ ಬೆಳಗಿನಿಂದ 600 ಮಿಲಿಲೀಟರ್ ಕುಡಿದಿದ್ದಾರೆಂದಿತ್ತು. ಲೋಟ ತುಂಬಿಯೇ ಇತ್ತು, ಅದೂ ಪಾರ್ಶ್ವವಾಯು ಹೊಡೆದ ಕೈಯ ಕಡೆ, ಒಳ್ಳೆಯ ಕೈಗೆ ಎಟುಕದಷ್ಟು ದೂರ. ವಯಸ್ಸಾದಂತೆ ಬಾಯಾರಿಕೆಯೇ ಮಂದವಾಗುತ್ತದೆ. ಕೇಳಿದಾಗ ಕೊಟ್ಟರಾಯಿತು ಎಂದು ಕೂತರೆ ಇವರು ಕೇಳುವುದೇ ಇಲ್ಲ.

ಮಧ್ಯಾಹ್ನದ ಊಟದ ಹೊತ್ತು ನನಗೆ ಬಹಳ ಮುಖ್ಯ. ಊಟದ ಕೋಣೆಯ ಮೂಲೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತೇನೆ. ಐದೈದು ನಿಮಿಷಕ್ಕೊಮ್ಮೆ ನನ್ನ ನಾಲ್ವರು ಏನು ಮಾಡುತ್ತಿದ್ದಾರೆ, ಯಾರು ಮಾತಾಡಿಸಿದರು, ಮುಖ ಹೇಗಿದೆ ಎಂದು ಬರೆದುಕೊಳ್ಳುತ್ತೇನೆ. ಈ ಕ್ರಮ ನನ್ನದಲ್ಲ. ಬ್ರಿಟನ್ನಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಟ್‌ವುಡ್ ಮತ್ತು ಸಂಗಡಿಗರು ಡಿಮೆನ್ಷಿಯಾ ಇರುವವರ ದಿನವನ್ನು ಹೀಗೆ ಐದೈದು ನಿಮಿಷದ ತುಂಡು ಮಾಡಿ ಗಮನಿಸುವ ವಿಧಾನ ರೂಪಿಸಿದರು. ಇದಕ್ಕೇ ಹತ್ತಿರದ ಸಂಕ್ಷಿಪ್ತ ರೂಪವನ್ನು ಇಂಗ್ಲೆಂಡಿನ ತಪಾಸಕರು ಬಳಸುತ್ತಾರೆ. ಮಾತು ಬಾರದವರ ಅಭಿಪ್ರಾಯ ಕೇಳಲು ಇದಕ್ಕಿಂತ ನ್ಯಾಯವಾದ ದಾರಿ ನನಗೆ ಸಿಕ್ಕಿಲ್ಲ.

ಕೂತು ನೋಡಿದರೆ ಕಾಣುವುದು ಕ್ರೌರ್ಯವಲ್ಲ, ಅವಸರ. ಆರೈಕೆಯವಳು ನಿಂತುಕೊಂಡೇ ಇಬ್ಬರಿಗೆ ತಿನ್ನಿಸುತ್ತಾಳೆ. ತುತ್ತು ಮೇಲಿನಿಂದ ಬರುವುದರಿಂದ ತಿನ್ನುವವರು ಗದ್ದ ಎತ್ತಬೇಕು. ಗದ್ದ ಎತ್ತಿ ನುಂಗಿದರೆ ಆಹಾರ ಶ್ವಾಸನಾಳಕ್ಕೆ ಜಾರುವ ಅಪಾಯ ಹೆಚ್ಚು. ನುಂಗಿದ್ದು ಇಳಿಯುವ ಮೊದಲೇ ಮುಂದಿನ ಚಮಚ ತುಟಿಗೆ ತಾಗಿರುತ್ತದೆ. ಆಕೆ ಅದೇ ಹೊತ್ತಿಗೆ ಪಕ್ಕದ ಮೇಜಿನ ಸಹೋದ್ಯೋಗಿಯ ಜೊತೆ ರಜೆಯ ವಿಷಯ ಮಾತಾಡುತ್ತಿರುತ್ತಾಳೆ, ಕೂತವರ ತಲೆಯ ಮೇಲಿಂದ. ಇದನ್ನು ನಾನು ‘ನಿರ್ಲಕ್ಷ್ಯ’ ಎಂದು ಬರೆಯುವುದಿಲ್ಲ. ‘1.10ರಿಂದ 1.35ರವರೆಗೆ ತಿನ್ನಿಸಿದರು, ಅವರನ್ನು ಉದ್ದೇಶಿಸಿ ಒಂದು ಮಾತೂ ಇಲ್ಲ’ ಎಂದು ಬರೆಯುತ್ತೇನೆ. ಮೊದಲನೆಯದರ ಮೇಲೆ ವಾದ ಮಾಡಬಹುದು, ಎರಡನೆಯದರ ಮೇಲೆ ಆಗುವುದಿಲ್ಲ.

ಊಟದ ಬೆನ್ನಿಗೇ ತೂಕದ ಪುಸ್ತಕ ಕೇಳುತ್ತೇನೆ. ಒಂದು ತಿಂಗಳಲ್ಲಿ ಶೇ. 5, ಆರು ತಿಂಗಳಲ್ಲಿ ಶೇ. 10 ಇಳಿದರೆ ಅದು ಗಂಭೀರ. ಐವತ್ತು ಕಿಲೋ ಇದ್ದವರಿಗೆ ತಿಂಗಳಲ್ಲಿ ಎರಡೂವರೆ ಕಿಲೋ ಅಂದರೆ ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಬಳೆಯೋ ವಾಚೋ ಸಡಿಲವಾಗಿದೆಯೇ, ಹಲ್ಲಿನ ಸೆಟ್ ಮಾತಾಡುವಾಗ ಅಲುಗುತ್ತದೆಯೇ ಎಂದೂ ಗಮನಿಸುತ್ತೇನೆ. ಅಂದಹಾಗೆ, ಹಲ್ಲಿನ ಸೆಟ್ಟಿನ ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಒಬ್ಬರದು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಕನ್ನಡಕದ್ದೂ ಅದೇ ಕಥೆ. ಶ್ರವಣಯಂತ್ರದ ಬ್ಯಾಟರಿ ಸತ್ತು ವಾರಗಳಾದವರನ್ನು ‘ಯಾರ ಜೊತೆಯೂ ಬೆರೆಯುವುದಿಲ್ಲ’ ಎಂದು ಫೈಲಿನಲ್ಲಿ ಬರೆದಿರುವುದನ್ನೂ ಓದಿದ್ದೇನೆ.

ಔಷಧಿಯ ವಿಚಾರದಲ್ಲಿ ಬೀಗ, ಲೆಕ್ಕ, ಫ್ರಿಜ್ಜಿನ 2ರಿಂದ 8 ಡಿಗ್ರಿ, ಇವೆಲ್ಲ ಬೇಗ ಮುಗಿಯುವ ಕೆಲಸ. ನಾನು ಹೊತ್ತು ಕೊಡುವುದು ಎರಡಕ್ಕೆ. ಒಂದು, ಪಾರ್ಕಿನ್ಸನ್ (ಕೈಕಾಲು ನಡುಗಿ ಬಿಗಿಯುವ ಕಾಯಿಲೆ) ಇರುವವರ ಮಾತ್ರೆ ಲೆವೊಡೋಪಾ. ಅದು ಹೇಳಿದ ಹೊತ್ತಿಗೆ, ತಡವಾದರೂ ಅರ್ಧ ಗಂಟೆಯೊಳಗೆ, ಸಿಗದಿದ್ದರೆ ಕೈಕಾಲು ಬಿಗಿದು ಅವರು ಕೂತಲ್ಲೇ ಕೂರುತ್ತಾರೆ. ಔಷಧಿ ಗಾಡಿ ಈ ತುದಿಯಿಂದ ಆ ತುದಿಗೆ ಹೋಗಲು ಎರಡು ಗಂಟೆ ಹಿಡಿದರೆ, ಕೊನೆಯ ಕೋಣೆಯವರಿಗೆ 8ರ ಮಾತ್ರೆ 10ಕ್ಕೆ. ಚಾರ್ಟಿನಲ್ಲಿ ಮಾತ್ರ 8. ಎರಡನೆಯದು ಸುಮ್ಮನಿರಿಸುವ ಮಾತ್ರೆ. ಡಿಮೆನ್ಷಿಯಾ ಇರುವ ವೃದ್ಧರಿಗೆ ಆ್ಯಂಟಿಸೈಕೋಟಿಕ್ (ತೀವ್ರ ಮಾನಸಿಕ ಕಾಯಿಲೆಗಳಿಗೆ ಕೊಡುವ ಔಷಧಿ) ಕೊಟ್ಟರೆ ಸಾವಿನ ಅಪಾಯ ಸುಮಾರು 1.6ರಿಂದ 1.7 ಪಟ್ಟಾಗುತ್ತದೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತು. ಆಗ ಹೊಸ ಔಷಧಿಗಳಿಗೆ ಮಾತ್ರ ಇದ್ದ ಎಚ್ಚರಿಕೆಯನ್ನು 2008ರಲ್ಲಿ ಹಳೆಯವಕ್ಕೂ ವಿಸ್ತರಿಸಿತು. ‘ಅಗತ್ಯವಿದ್ದರೆ ಮಾತ್ರ’ ಎಂದು ವೈದ್ಯರು ಬರೆದದ್ದು ದಿನಾ ಸಂಜೆ ಆರಕ್ಕೆ ಅಗತ್ಯವಾಗುತ್ತಿದೆಯೇ ಎಂದು ನೋಡುತ್ತೇನೆ. ಆಗುತ್ತಿದ್ದರೆ, ಸಂಜೆ ಆರಕ್ಕೆ ಪಾಳಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ಮರುಪ್ರಶ್ನೆ.

ಆರೈಕೆಯ ಮಟ್ಟದ ಬೇರು ಹೆಚ್ಚಾಗಿ ಸಿಗುವುದು ಇಲ್ಲಿಯೇ, ಪಾಳಿ ಪಟ್ಟಿಯಲ್ಲಿ. ನಾನು ಎರಡು ಕಾಗದಗಳನ್ನು ಪಕ್ಕಪಕ್ಕ ಇಡುತ್ತೇನೆ. ಒಂದರಲ್ಲಿ, ಇವರನ್ನು ಹಾಸಿಗೆಯಿಂದ ಎತ್ತಲು ಇಬ್ಬರು ಬೇಕು ಎಂದು ಆರೈಕೆ ಯೋಜನೆ ಹೇಳುತ್ತದೆ. ಇನ್ನೊಂದರಲ್ಲಿ, ಆ ಮಹಡಿಗೆ ರಾತ್ರಿ ಒಬ್ಬರೇ. ಹಾಗಾದರೆ ರಾತ್ರಿ ಮೂರಕ್ಕೆ ಶೌಚಕ್ಕೆ ಹೋಗಬೇಕೆಂದರೆ? ವ್ಯವಸ್ಥಾಪಕರು ಕೆಳಗಿನಿಂದ ಕರೆಯುತ್ತೇವೆ ಅನ್ನುತ್ತಾರೆ. ರಾತ್ರಿ ಪಾಳಿಯವಳನ್ನು ಬೇರೆಯಾಗಿ ಕೇಳಿದರೆ, ಪ್ಯಾಡ್ ಇದೆಯಲ್ಲ ಸರ್, ಅನ್ನುತ್ತಾಳೆ. ಶೌಚಕ್ಕೆ ಹೋಗಬಲ್ಲವರು ಹೀಗೆ ಪ್ಯಾಡಿಗೆ ಒಗ್ಗಿಹೋಗುತ್ತಾರೆ. ಆಮೇಲೆ ಅದು ಅವರ ಕಾಯಿಲೆಯ ಲಕ್ಷಣವೆಂದೇ ದಾಖಲಾಗುತ್ತದೆ.

ಹಾಗಾಗಿ ಬೆಳಗಿನ ಜಾವ ಹೋಗದೆ ತಪಾಸಣೆ ಮುಗಿಸುವುದಿಲ್ಲ. ಐದು ಗಂಟೆಗೇ ಜನರನ್ನು ಎಬ್ಬಿಸಿ, ಮೈತೊಳೆದು, ಬಟ್ಟೆ ಹಾಕಿ ಕುರ್ಚಿಯಲ್ಲಿ ಕೂರಿಸಿದ್ದರೆ, ಕತ್ತು ವಾಲಿಸಿಕೊಂಡು ಅವರು ಅಲ್ಲೇ ಮತ್ತೆ ನಿದ್ದೆ ಹೋಗಿದ್ದರೆ, ಅದು ಅವರ ಇಷ್ಟವಲ್ಲ, ಹಗಲು ಪಾಳಿಯ ಕೆಲಸ ಹಗುರಾಗಲು ಮಾಡಿದ್ದು. ಕರೆಗಂಟೆಯನ್ನೂ ಆಗಲೇ ಒತ್ತಿ ಗಡಿಯಾರ ನೋಡುತ್ತೇನೆ. ಗಂಟೆಯ ದಾರವನ್ನು ಮಂಚದ ಹಿಂದೆ ಸುತ್ತಿಟ್ಟಿರುವುದು ಹೊಸದೇನಲ್ಲ. ಮಂಚದ ಅಡ್ಡಕಂಬಿಯನ್ನು ಬೀಳದಿರಲಿ ಎಂದು ಏರಿಸಿರುತ್ತಾರೆ. ಎದ್ದು ಓಡಾಡಬಲ್ಲ, ಗೊಂದಲದಲ್ಲಿರುವ ಮನುಷ್ಯ ಅದನ್ನು ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾನೆ.

ಸ್ನಾನದ ನೀರಿಗೆ ಥರ್ಮಾಮೀಟರ್ ಹಿಡಿಯುತ್ತೇನೆ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲು ಟ್ಯಾಂಕಿನಲ್ಲಿ 60 ಡಿಗ್ರಿ ಬೇಕು, ಮೈಮೇಲೆ ಬೀಳುವಾಗ 44 ದಾಟಬಾರದು. ಎರಡೂ ಆಗಬೇಕಾದರೆ ನಲ್ಲಿಯ ಬಳಿ ಬಿಸಿನೀರಿಗೆ ತಣ್ಣೀರು ಬೆರೆಸುವ ಮಿಶ್ರಣ ಕವಾಟ ಇರಬೇಕು. ಅಷ್ಟೇ.

ವಾಸನೆಯ ಬಗ್ಗೆ ಭೇಟಿಗೆ ಬರುವ ಕುಟುಂಬದವರು ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಸಲ್ಲದ ಬೆಲೆ ಕೊಡುತ್ತೇವೆ. ಬೆಳಗ್ಗೆ ಎಂಟಕ್ಕೆ ಒಂದು ಕೋಣೆಯಲ್ಲಿ ಮೂತ್ರದ ವಾಸನೆ ಇದ್ದರೆ ಅಲ್ಲಿ ಯಾರೋ ಈಗ ತಾನೇ ಎದ್ದಿದ್ದಾರೆ ಎಂದರ್ಥ. ಮಧ್ಯಾಹ್ನವೂ ಕುರ್ಚಿಯ ಮೆತ್ತೆಯಿಂದಲೇ ಬರುತ್ತಿದ್ದರೆ ಅದು ಬೇರೆ ಮಾತು.

ಖಾಲಿ ರಿಜಿಸ್ಟರ್‌ಗಳಿಗೆ ನಾನು ಹೆದರುತ್ತೇನೆ. ಇಂಥ ಮನೆಗಳಲ್ಲಿ ವಾಸಿಸುವವರಲ್ಲಿ ವರ್ಷಕ್ಕೆ ಶೇ. 30ರಿಂದ 50ರಷ್ಟು ಜನ ಬೀಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. ನಲವತ್ತು ಜನರಿರುವ ಮನೆಯಲ್ಲಿ ವರ್ಷವಿಡೀ ಒಬ್ಬರೂ ಬಿದ್ದಿಲ್ಲ ಎಂದರೆ ಬಿದ್ದದ್ದನ್ನು ಬರೆದಿಲ್ಲ ಎಂದೇ ನಾನು ತಿಳಿಯುವುದು. ದೂರು ಪುಸ್ತಕವೂ ಹಾಗೆಯೇ. ಸಾರಿಗೆ ಉಪ್ಪು ಹೆಚ್ಚಾಯಿತು ಎಂಬಷ್ಟಾದರೂ ದೂರು ಇರುವ ಮನೆಯಲ್ಲಿ ಜನ ಬಾಯಿ ಬಿಡಲು ಅಂಜುವುದಿಲ್ಲ.

ತಕ್ಷಣದ ಅಪಾಯ ಕಂಡರೆ ವರದಿಗೆ ಕಾಯುವುದಿಲ್ಲ. ಗಾಳಿ ಹಾಸಿಗೆಯ ಗುಂಡಿಯನ್ನು ನನ್ನ ಎದುರೇ ತಿರುಗಿಸಬೇಕು, ಹಿಮ್ಮಡಿಯನ್ನು ಅಂದೇ ವೈದ್ಯರಿಗೆ ತೋರಿಸಬೇಕು. ಉಳಿದದ್ದನ್ನು ಹೊರಡುವ ಮುನ್ನ ವ್ಯವಸ್ಥಾಪಕರಿಗೆ ಬಾಯಿಮಾತಿನಲ್ಲಿ ಹೇಳುತ್ತೇನೆ, ಒಳ್ಳೆಯದು ಕಂಡಿದ್ದರೆ ಅದನ್ನೂ, ಮಾಡಿದವರ ಹೆಸರು ಹಿಡಿದು. ವರದಿಯಲ್ಲಿ ಪ್ರತಿ ಮಾತಿನ ಮುಂದೆ ಕಂಡದ್ದೋ, ಕೇಳಿದ್ದೋ, ಓದಿದ್ದೋ ಎಂದು ಗುರುತು ಹಾಕುತ್ತೇನೆ. ಈ ಮೂರರಲ್ಲಿ ಎರಡಾದರೂ ಕೂಡಿ ಬಾರದಿದ್ದರೆ ತೀರ್ಮಾನ ಬರೆಯುವುದಿಲ್ಲ.

ಕೆಲ ವಾರಗಳಲ್ಲಿ ‘ಸರಿಪಡಿಸಲಾಗಿದೆ’ ಎಂಬ ಪತ್ರ ಬರುತ್ತದೆ, ಜೊತೆಗೆ ಹೊಸ ಚಾರ್ಟಿನ ಪ್ರತಿ. ಮರುತಪಾಸಣೆಗೆ ಹೋದಾಗ ಆ ಚಾರ್ಟನ್ನು ಕೇಳುವುದಿಲ್ಲ. ತೂಕದ ಪುಸ್ತಕ ಕೇಳುತ್ತೇನೆ, ಮತ್ತು ರಾತ್ರಿ ಪಾಳಿಗೆ ಇಬ್ಬರನ್ನು ಹಾಕಿದ್ದೇವೆ ಎಂದಿದ್ದರೆ ಪಾಳಿ ಪಟ್ಟಿಯ ಬದಲು ಸಂಬಳದ ಪಟ್ಟಿ. ಆಮೇಲೆ ನಿವಾಸಿಗಳ ಪಟ್ಟಿ ತೆಗೆದುಕೊಂಡು, ಹಿಂದಿನ ಸಲ ನೋಡದ ಬೇರೆ ನಾಲ್ವರ ಹೆಸರಿಗೆ ಗುರುತು ಹಾಕುತ್ತೇನೆ.