ಮೊದಲ ರಿವಾರ್ಡ್ ಕಾರ್ಡು: ಮೊದಲು ಖರ್ಚಿನ ಲೆಕ್ಕ, ಆಮೇಲೆ ಅರ್ಜಿ

ತಿಂಗಳ ಕಿರಾಣಿಯನ್ನು ಉದ್ರಿ ಬರೆಸಿ, ಪಗಾರ ಆದ ಮೇಲೆ ಚುಕ್ತಾ ಮಾಡುವ ರೂಢಿ ರಾಯಚೂರಿನ ಮನೆಗಳಿಗೆ ಹೊಸದಲ್ಲ. ಆದ್ದರಿಂದ ಕ್ರೆಡಿಟ್ ಕಾರ್ಡಿನ ಮೂಲತತ್ವವನ್ನು ಇಲ್ಲಿ ಯಾರಿಗೂ ಮೊದಲಿನಿಂದ ಹೇಳಿಕೊಡಬೇಕಾಗಿಲ್ಲ. ಅದೂ ಉದ್ರಿಯೇ. ವ್ಯತ್ಯಾಸವಿರುವುದು ಎರಡು ಕಡೆ: ವಾಯಿದೆ ತಪ್ಪಿದರೆ ಅಂಗಡಿಯವರು ಒಂದು ಮಾತು ಅಂದು ಸುಮ್ಮನಾಗುತ್ತಾರೆ, ಬ್ಯಾಂಕು ಬಡ್ಡಿ ಹಚ್ಚುತ್ತದೆ, ಅಂಗಡಿಯವರು ಉದ್ರಿ ಒಯ್ದದ್ದಕ್ಕೆ ಏನನ್ನೂ ಮರಳಿ ಕೊಡುವುದಿಲ್ಲ, ರಿವಾರ್ಡ್ ಕಾರ್ಡು ಕೊಟ್ಟ ಬ್ಯಾಂಕು ಖರ್ಚಿನ ಮೇಲೆ ನೂರಕ್ಕೆ ಸುಮಾರು ಅರ್ಧ ರೂಪಾಯಿಯಿಂದ ಐದು ರೂಪಾಯಿಯವರೆಗೆ ಮರಳಿಸುತ್ತದೆ. ಆ ಮೊತ್ತ ನಿಮ್ಮ ಕೈಗೆ ಎಷ್ಟು ಬರುತ್ತದೆ ಎಂಬುದು ಕಾರ್ಡಿನ ಜಾಹೀರಾತಿಗಿಂತ ನೀವು ಯಾವ ಅಂಗಡಿಯಲ್ಲಿ, ಯಾವ ರೀತಿಯಲ್ಲಿ ದುಡ್ಡು ಕೊಡುತ್ತೀರಿ ಎಂಬುದನ್ನು ಅವಲಂಬಿಸಿದೆ.

ನನ್ನ ಮೊದಲ ಕಾರ್ಡನ್ನು ನಾನು ವಿಮಾನ ನಿಲ್ದಾಣದ ಲಾಂಜ್ (ವಿಶ್ರಾಂತಿ ಕೋಣೆ) ಪ್ರವೇಶ ಉಚಿತವೆಂಬ ಒಂದೇ ಆಸೆಗೆ ಪಡೆದಿದ್ದೆ. ರಾಯಚೂರಿನಿಂದ ಬೆಂಗಳೂರಿಗೆ ರೈಲಿನಲ್ಲಿಯೋ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿಯೋ ಹೋಗಿಬರುವವನಿಗೆ ಆ ಲಾಂಜಿನ ಬಾಗಿಲು ಕಾಣಬೇಕಾದರೆ ಮೊದಲು ಹೈದರಾಬಾದಿನವರೆಗೆ ಹೋಗಬೇಕಿತ್ತು. ಎರಡು ವರ್ಷ ವಾರ್ಷಿಕ ಶುಲ್ಕ ಕಟ್ಟಿದೆ, ಲಾಂಜಿನಲ್ಲಿ ಒಂದು ಲೋಟ ಚಹಾವನ್ನೂ ಕುಡಿಯಲಿಲ್ಲ. ಬ್ಯಾಂಕಿನವರು ಸುಳ್ಳು ಹೇಳಿರಲಿಲ್ಲ. ಲೆಕ್ಕ ಹಾಕದೆ ಇದ್ದವನು ನಾನು.

ಆದ್ದರಿಂದ ಕಾರ್ಡುಗಳ ಪಟ್ಟಿಯನ್ನು ನೋಡುವ ಮೊದಲು ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಫೋನಿನ ಯುಪಿಐ ವಿವರವನ್ನೂ ಮುಂದಿಟ್ಟುಕೊಂಡು ಕೂಡಬೇಕು. ಪ್ರತಿ ಖರ್ಚಿನ ಮುಂದೆ ಎರಡು ಸಂಗತಿ ಬರೆಯಿರಿ: ದುಡ್ಡು ಯಾತಕ್ಕೆ ಹೋಯಿತು, ಯಾವ ದಾರಿಯಲ್ಲಿ ಹೋಯಿತು. ಎರಡನೆಯದನ್ನು ಹೆಚ್ಚಿನವರು ಬರೆಯುವುದಿಲ್ಲ, ತಪ್ಪುವುದೂ ಅಲ್ಲಿಯೇ. ಉದಾಹರಣೆಗೆ ತಿಂಗಳಿಗೆ 28,000 ರೂಪಾಯಿ ಖರ್ಚು ಮಾಡುವ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬಾಡಿಗೆ 7,000, ಕಿರಾಣಿ 5,500, ಹಾಲು ಮತ್ತು ಕಾಯಿಪಲ್ಲೆ 3,500, ಪೆಟ್ರೋಲು 3,000, ಆನ್‌ಲೈನ್ ಖರೀದಿ 3,000, ಜೆಸ್ಕಾಂನ ಕರೆಂಟ್ ಬಿಲ್ಲು, ಮೊಬೈಲು ಮತ್ತು ಗ್ಯಾಸು ಸೇರಿ 2,200, ವಿಮೆಯ ಕಂತು 1,800, ರೈಲು ಟಿಕೆಟ್ 1,000, ಹೋಟೆಲು 1,000. ಈ ಮೊತ್ತವೆಲ್ಲ ಕಾರ್ಡಿಗೆ ದಕ್ಕುವುದಿಲ್ಲ. ಬಾಡಿಗೆಯನ್ನು ಆ್ಯಪ್ ಮೂಲಕ ಕಾರ್ಡಿನಲ್ಲಿ ಕಟ್ಟುವ ಸೌಲಭ್ಯವನ್ನು ಹಲವು ಆ್ಯಪ್‌ಗಳು 2025ರಲ್ಲಿ ನಿಲ್ಲಿಸಿದವು; ಕಟ್ಟಲು ಬಂದರೂ ಶುಲ್ಕ ಬೀಳುತ್ತದೆ, ಹಲವು ಬ್ಯಾಂಕುಗಳು ಅದಕ್ಕೆ ರಿವಾರ್ಡನ್ನೂ ಕೊಡುವುದಿಲ್ಲ. ವಿಮೆ, ಸರ್ಕಾರಿ ಪಾವತಿ, ವಾಲೆಟ್ ತುಂಬುವುದು, ಇಎಂಐ ಮುಂತಾದವನ್ನು ಅನೇಕ ಕಾರ್ಡುಗಳು ರಿವಾರ್ಡಿನಿಂದ ಹೊರಗಿಟ್ಟಿವೆ ಅಥವಾ ಕಡಿಮೆ ದರಕ್ಕೆ ಇಳಿಸಿವೆ. ಕರೆಂಟ್ ಬಿಲ್ಲಿನ ವಿಷಯದಲ್ಲಿಯೂ ಬ್ಯಾಂಕಿನಿಂದ ಬ್ಯಾಂಕಿಗೆ ನಿಯಮ ಬೇರೆ.

ಇನ್ನು ಕಿರಾಣಿ ಮತ್ತು ಕಾಯಿಪಲ್ಲೆ. ನಮ್ಮ ಕಡೆಯ ಬಹಳಷ್ಟು ಅಂಗಡಿಗಳಲ್ಲಿ ಕಾರ್ಡು ಉಜ್ಜುವ ಯಂತ್ರವಿಲ್ಲ. ಇರುವುದು ಕ್ಯೂಆರ್ ಫಲಕ ಮಾತ್ರ. ಆ ಫಲಕಕ್ಕೆ ದುಡ್ಡು ಹೋಗುವುದು ಯುಪಿಐ ಮೂಲಕ, ಯುಪಿಐಗೆ ಜೋಡಿಸಲು ಬರುವುದು ನಮ್ಮ ದೇಶದ್ದೇ ಕಾರ್ಡು ಜಾಲವಾದ ರುಪೇಯ ಕ್ರೆಡಿಟ್ ಕಾರ್ಡು ಮಾತ್ರ. ಈ ಸೌಲಭ್ಯ 2022ರಿಂದ ಇದೆ. ವೀಸಾ ಮತ್ತು ಮಾಸ್ಟರ್‌ಕಾರ್ಡುಗಳಿಗೆ ಇಲ್ಲ. ಅದರಲ್ಲಿಯೂ ಒಂದು ಮಿತಿಯಿದೆ. ರುಪೇ ಕ್ರೆಡಿಟ್ ಕಾರ್ಡಿನಿಂದ ವ್ಯಾಪಾರಿಯ ಖಾತೆಗೆ ದುಡ್ಡು ಹೋಗುತ್ತದೆ, ವ್ಯಕ್ತಿಯ ಖಾತೆಗೆ ಹೋಗುವುದಿಲ್ಲ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಕ್ಕ ತನ್ನ ಮಗನ ಹೆಸರಿನ ಸ್ವಂತ ಕ್ಯೂಆರ್ ಇಟ್ಟುಕೊಂಡಿದ್ದರೆ ಅಲ್ಲಿ ಪಾವತಿ ಆಗುವುದಿಲ್ಲ. ವ್ಯಾಪಾರಿ ಕ್ಯೂಆರ್ ಇದ್ದರೂ ಕೆಲವು ಅಂಗಡಿಯವರು ಕ್ರೆಡಿಟ್ ಕಾರ್ಡನ್ನು ಸ್ವೀಕರಿಸುವುದಿಲ್ಲ. ಅರ್ಜಿ ಹಾಕುವ ಮೊದಲೇ ನೀವು ದಿನವೂ ಹೋಗುವ ನಾಲ್ಕೈದು ಅಂಗಡಿಗಳಲ್ಲಿ ‘ಅಣ್ಣಾ, ಇದರೊಳಗ ರುಪೇ ಕ್ರೆಡಿಟ್ ಕಾರ್ಡ್ ನಡಿತದೇನು?’ ಎಂದು ಕೇಳಿ ಬನ್ನಿ. ಒಂದು ಸಂಜೆಯ ಓಡಾಟದಿಂದ ತಿಳಿಯುವ ಈ ಸಂಗತಿ ಯಾವ ಬ್ಯಾಂಕಿನ ಕೈಪಿಡಿಯಲ್ಲಿಯೂ ಸಿಗುವುದಿಲ್ಲ.

ಈಗ ಮೇಲಿನ ಮನೆಗೆ ಮೂರು ಬಗೆಯ ಕಾರ್ಡುಗಳನ್ನು ಹಚ್ಚಿ ನೋಡೋಣ. ದರಗಳನ್ನು ಲೆಕ್ಕಕ್ಕಾಗಿ ಹಿಡಿದುಕೊಂಡಿದ್ದೇನೆ. ಬಾಡಿಗೆ, ವಿಮೆ, ಬಿಲ್ಲುಗಳನ್ನು ಮೂರರಲ್ಲಿಯೂ, ಪೆಟ್ರೋಲನ್ನು ಮೊದಲೆರಡರಲ್ಲಿ, ಕಿರಾಣಿ ಮತ್ತು ಕಾಯಿಪಲ್ಲೆಯನ್ನು ರುಪೇ ಅಲ್ಲದ ಒಂದನೆಯ ಮತ್ತು ಮೂರನೆಯ ಕಾರ್ಡಿನಲ್ಲಿ ಲೆಕ್ಕದಿಂದ ಬಿಟ್ಟಿದ್ದೇನೆ. ಮೊದಲನೆಯದು ಒಂದು ಆನ್‌ಲೈನ್ ಮಳಿಗೆಯೊಂದಿಗೆ ಜೋಡಿಸಿದ, ವಾರ್ಷಿಕ ಶುಲ್ಕವಿಲ್ಲದ ಕಾರ್ಡು. ಆ ಮಳಿಗೆಯಲ್ಲಿ ನೂರಕ್ಕೆ ಐದು, ಬೇರೆ ಕಡೆ ನೂರಕ್ಕೆ ಒಂದು. ಆನ್‌ಲೈನ್ ಖರೀದಿಯ 3,000ಕ್ಕೆ 150 ರೂಪಾಯಿ, ರೈಲು ಮತ್ತು ಹೋಟೆಲಿನ 2,000ಕ್ಕೆ 20 ರೂಪಾಯಿ. ತಿಂಗಳಿಗೆ 170, ವರ್ಷಕ್ಕೆ 2,040. ಎರಡನೆಯದು ಎಲ್ಲ ಕಡೆ ನೂರಕ್ಕೆ ಒಂದು ಕೊಡುವ, ಶುಲ್ಕವಿಲ್ಲದ ರುಪೇ ಕಾರ್ಡು. ಕಿರಾಣಿ 5,500, ಹಾಲು ಮತ್ತು ಕಾಯಿಪಲ್ಲೆಯಲ್ಲಿ ವ್ಯಾಪಾರಿ ಕ್ಯೂಆರ್ ಇದ್ದ ಕಡೆಯ 1,500, ಆನ್‌ಲೈನ್ 3,000, ರೈಲು ಮತ್ತು ಹೋಟೆಲು 2,000. ಒಟ್ಟು 12,000ಕ್ಕೆ ತಿಂಗಳಿಗೆ 120, ವರ್ಷಕ್ಕೆ 1,440. ಮೂರನೆಯದು ಪೆಟ್ರೋಲಿಗೆ ನೂರಕ್ಕೆ ನಾಲ್ಕು, ಉಳಿದದ್ದಕ್ಕೆ ಅರ್ಧ ಕೊಡುವ ಇಂಧನ ಕಾರ್ಡು. ಪೆಟ್ರೋಲಿನಿಂದ 120, ಆನ್‌ಲೈನ್, ರೈಲು, ಹೋಟೆಲಿನ 5,000ದಿಂದ 25, ವರ್ಷಕ್ಕೆ 1,740; ಅದರಲ್ಲಿ 500 ರೂಪಾಯಿ ಶುಲ್ಕ ಮತ್ತು ಅದರ ಮೇಲಿನ ಶೇಕಡಾ 18 ಜಿಎಸ್‌ಟಿ ಸೇರಿ 590 ಕಳೆದರೆ ಉಳಿಯುವುದು 1,150. ಈ ಮನೆಗೆ ಮೊದಲನೆಯದು ಒಳ್ಳೆಯದು. ಆದರೆ ಇದೇ ಮನೆಯವರು ಆನ್‌ಲೈನಿನಲ್ಲಿ ತಿಂಗಳಿಗೆ 1,000 ರೂಪಾಯಿ ಮಾತ್ರ ಖರ್ಚು ಮಾಡುವವರಾಗಿದ್ದರೆ ಮೊದಲನೆಯದರಿಂದ ವರ್ಷಕ್ಕೆ 840, ರುಪೇಯಿಂದ 1,200 ಸಿಗುತ್ತಿತ್ತು. ಹೆಸರು ಮಾಡಿದ ಕಾರ್ಡು ಅದೇ, ಮನೆ ಅದೇ. ಒಂದೇ ಒಂದು ಅಂಕಿ ಬದಲಾದಾಗ ಉತ್ತರ ಬದಲಾಯಿತು.

ಪೆಟ್ರೋಲಿನ ಬಗ್ಗೆ ಸ್ವಲ್ಪ ಬೇರೆಯಾಗಿಯೇ ಹೇಳಬೇಕು. ಶಕ್ತಿನಗರಕ್ಕೆ ದಿನವೂ ಬೈಕಿನಲ್ಲಿ ಹೋಗಿಬರುವವರಿಗೆ, ಹಟ್ಟಿಯಿಂದ ಲಿಂಗಸುಗೂರಿಗೆ ಓಡಾಡುವವರಿಗೆ ಇಂಧನ ಕಾರ್ಡು ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಇಂಥ ಕಾರ್ಡುಗಳು ಸಾಮಾನ್ಯವಾಗಿ ಒಂದೇ ಕಂಪನಿಯ ಬಂಕಿಗೆ ಕಟ್ಟುಬಿದ್ದಿರುತ್ತವೆ: ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ ಅಥವಾ ಹಿಂದೂಸ್ತಾನ್ ಪೆಟ್ರೋಲಿಯಂ. ನಿಮ್ಮ ದಾರಿಯಲ್ಲಿ ಆ ಕಂಪನಿಯ ಬಂಕು ಇಲ್ಲದಿದ್ದರೆ ಕಾರ್ಡಿನ ಮುಖ್ಯ ಪ್ರಯೋಜನವೇ ಇಲ್ಲ. ಬಂಕಿನಲ್ಲಿ ಕಾರ್ಡು ಉಜ್ಜಿದಾಗ ಬೀಳುವ ಶೇಕಡಾ 1ರ ಸರ್ಚಾರ್ಜನ್ನು ಹೆಚ್ಚಿನ ಕಾರ್ಡುಗಳು ಮನ್ನಾ ಮಾಡುತ್ತವೆ, ಆದರೆ ಹಲವು ಕಾರ್ಡುಗಳಲ್ಲಿ ಒಂದು ಸಲದ ಮೊತ್ತ ಕನಿಷ್ಠ 400 ರೂಪಾಯಿ ಇರಬೇಕು. ಸರ್ಚಾರ್ಜಿನ ಮೇಲಿನ ಜಿಎಸ್‌ಟಿ ಮರಳಿ ಬರುವುದಿಲ್ಲ. ದಿನಕ್ಕೆ ನೂರು, ಇನ್ನೂರು ರೂಪಾಯಿಯಂತೆ ಹಾಕಿಸುವ ನಮ್ಮ ರೂಢಿಗೆ ಈ ನಿಯಮ ಒಗ್ಗುವುದಿಲ್ಲ. ಟ್ಯಾಂಕು ತುಂಬಿಸುವ ಅಭ್ಯಾಸವಿದ್ದರೆ ಮಾತ್ರ ಈ ಕಾರ್ಡನ್ನು ಪರಿಗಣಿಸಿ.

ರಿವಾರ್ಡನ್ನು ಶೇಕಡಾವಾರಿನಲ್ಲಿ ಹೇಳದೆ ಪಾಯಿಂಟುಗಳಲ್ಲಿ ಹೇಳಿದ್ದರೆ ಪಾಯಿಂಟನ್ನು ರೂಪಾಯಿಗೆ ಇಳಿಸಿ ನೋಡಿ. ನೂರಕ್ಕೆ ಎರಡು ಪಾಯಿಂಟು ಎಂದರೆ ಶೇಕಡಾ ಎರಡಲ್ಲ. ಒಂದು ಪಾಯಿಂಟಿಗೆ 25 ಪೈಸೆ ಬೆಲೆಯಿದ್ದರೆ ಅದು ಅರ್ಧ ರೂಪಾಯಿ. ಪ್ರತಿ 150 ರೂಪಾಯಿಗೆ ಪಾಯಿಂಟು ಎಂದಿದ್ದರೆ 140 ರೂಪಾಯಿಯ ಬಿಲ್ಲಿಗೆ ಏನೂ ಬರುವುದಿಲ್ಲ. ಪಾಯಿಂಟುಗಳಿಗೆ ಅವಧಿ ಇರುತ್ತದೆ, ಅವನ್ನು ಬಿಡಿಸಿಕೊಳ್ಳಲು ಕೆಲವು ಬ್ಯಾಂಕುಗಳು 99 ರೂಪಾಯಿ ಮತ್ತು ತೆರಿಗೆ ಹಿಡಿಯುತ್ತವೆ, ತಿಂಗಳಿಗೆ ಇಷ್ಟೇ ಎಂಬ ಮಿತಿಯೂ ಇರಬಹುದು. ಮೊದಲ ಕಾರ್ಡಿಗೆ ಪಾಯಿಂಟಿಗಿಂತ ನೇರವಾಗಿ ಬಿಲ್ಲಿನಲ್ಲಿ ಕಳೆಯುವ ಕ್ಯಾಶ್‌ಬ್ಯಾಕ್ ಲೇಸು ಎಂಬುದು ನನ್ನ ಅಭಿಪ್ರಾಯ.

ಈ ಲೆಕ್ಕವೆಲ್ಲ ನಿಲ್ಲುವುದು ಪ್ರತಿ ತಿಂಗಳೂ ಪೂರ್ತಿ ಬಿಲ್ಲು ಕಟ್ಟಿದಾಗ ಮಾತ್ರ. ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯ ಸುತ್ತ ಇದೆ. ಊರಲ್ಲಿ ಕೈಗಡ ಕೊಡುವವರು ಈ ದರ ಕೇಳಿದರೆ ನಾವು ‘ಭಾಳ ಆತು’ ಎನ್ನುತ್ತೇವೆ. 20,000 ರೂಪಾಯಿ ಒಂದು ತಿಂಗಳು ಉಳಿದರೆ 700 ರೂಪಾಯಿ ಬಡ್ಡಿ, ಅದರ ಮೇಲೆ 126 ರೂಪಾಯಿ ಜಿಎಸ್‌ಟಿ, ಒಟ್ಟು 826. ನಮ್ಮ ಉದಾಹರಣೆಯ ಮನೆ ಸುಮಾರು ಐದು ತಿಂಗಳು ಕೂಡಿಸಿದ ರಿವಾರ್ಡು ಒಂದೇ ತಿಂಗಳಲ್ಲಿ ಹೋಗುತ್ತದೆ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ಕಾಣುವ ಸಣ್ಣ ಮೊತ್ತವನ್ನು ಮಾತ್ರ ಕಟ್ಟಿದರೆ ತಡಪಾವತಿ ಶುಲ್ಕ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ. ಅದು ಖರೀದಿಯ ದಿನದಿಂದಲೇ ಹತ್ತುತ್ತದೆ, ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಎಟಿಎಮ್ಮಿನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಮೊದಲ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ. ಹೀಗಾಗಿ ವಾಯಿದೆಯ ದಿನಾಂಕ ಪಗಾರದ ನಂತರ ಬರುವಂತೆ ನೋಡಿಕೊಳ್ಳುವುದು ರಿವಾರ್ಡಿನ ದರಕ್ಕಿಂತ ಮುಖ್ಯ. ಬಿಲ್ಲಿನ ಆವರ್ತವನ್ನು ಕನಿಷ್ಠ ಒಂದು ಬಾರಿ ಬದಲಾಯಿಸಿಕೊಳ್ಳುವ ಅವಕಾಶವನ್ನು ಬ್ಯಾಂಕು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ. ಅದನ್ನು ಕೇಳಿ ಪಡೆಯಿರಿ.

ಸಿಂಧನೂರು, ಮಾನ್ವಿ ಕಡೆಯ ಭತ್ತದ ರೈತರಿಗೆ, ಗಂಜಿನಲ್ಲಿ (ಕೃಷಿ ಮಾರುಕಟ್ಟೆಯಲ್ಲಿ) ಹತ್ತಿ ಮಾರಿ ವರ್ಷದ ದುಡ್ಡು ಕಾಣುವವರಿಗೆ ತಿಂಗಳ ವಾಯಿದೆ ಹೊಂದುವುದು ಕಷ್ಟ. ಬೀಜ, ಗೊಬ್ಬರದ ಖರ್ಚನ್ನು ಇಂಥ ಕಾರ್ಡಿನ ಮೇಲೆ ಹಾಕಿ ಸುಗ್ಗಿಯವರೆಗೆ ಕಾಯುವ ಯೋಚನೆ ಬೇಡವೇ ಬೇಡ. ಆ ಕೆಲಸಕ್ಕೆ ಕಿಸಾನ್ ಕ್ರೆಡಿಟ್ ಕಾರ್ಡಿದೆ. ಹೆಸರಿನಲ್ಲಿ ಕ್ರೆಡಿಟ್ ಕಾರ್ಡ್ ಎಂದಿದ್ದರೂ ಅದು ಬೆಳೆಸಾಲ, ಸಕಾಲಕ್ಕೆ ಮರುಪಾವತಿಸಿದರೆ ವರ್ಷಕ್ಕೆ ಶೇಕಡಾ 4ರ ಬಡ್ಡಿ; ಎರಡನ್ನೂ ಒಂದೇ ಎಂದು ತಿಳಿದು ಮೋಸಹೋದವರನ್ನು ಕಂಡಿದ್ದೇನೆ. ಪಗಾರದ ಚೀಟಿಯಿಲ್ಲದ ಸಣ್ಣ ವ್ಯಾಪಾರಿಗಳಿಗೂ, ಹಿಂದೆ ಯಾವ ಸಾಲವನ್ನೂ ಪಡೆಯದ ಕಾರಣಕ್ಕೆ ಸಿಬಿಲ್ ಅಂಕವೇ (ಸಾಲ ತೀರಿಸಿದ ರೀತಿ ನೋಡಿ ಕೊಡುವ ಅಂಕ) ಇಲ್ಲದ ಹುಡುಗರಿಗೂ ಠೇವಣಿ ಆಧಾರಿತ ಕಾರ್ಡು ಸುಲಭದ ದಾರಿ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ಅದರ ಬಹುಪಾಲು ಮೊತ್ತದಷ್ಟು ಮಿತಿಯ ಕಾರ್ಡು ಸಿಗುತ್ತದೆ, ಠೇವಣಿಗೆ ಬಡ್ಡಿಯೂ ನಡೆಯುತ್ತದೆ.

ಅರ್ಜಿಯನ್ನು ಒಂದು ಕಡೆ ಮಾತ್ರ ಹಾಕಿ. ಹಾಕಿದ ಪ್ರತಿ ಅರ್ಜಿಯ ವಿಚಾರಣೆಯೂ ಸಿಬಿಲ್ ವರದಿಯಲ್ಲಿ ದಾಖಲಾಗುತ್ತದೆ. 300ರಿಂದ 900ರವರೆಗಿನ ಆ ಅಂಕದಲ್ಲಿ 750ರ ಮೇಲಿದ್ದವರಿಗೆ ಕಾರ್ಡು ಸಲೀಸು. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು, ಮೊದಲು ಅದನ್ನು ನೋಡಿಕೊಳ್ಳಿ. ಬಂಕಿನಲ್ಲಿಯೋ ಬಸ್ ನಿಲ್ದಾಣದಲ್ಲಿಯೋ ಮೇಜು ಹಾಕಿ ಕುಳಿತ ಪ್ರತಿನಿಧಿ ‘ಜೀವನಪೂರ್ತಿ ಫ್ರೀ ಸರ್’ ಎಂದರೆ ಅದನ್ನು ಬ್ಯಾಂಕಿನ ಒಂದು ಪುಟದ ಮುಖ್ಯಾಂಶ ಪತ್ರದಲ್ಲಿ ತೋರಿಸಲು ಹೇಳಿ. ಮೊದಲ ವರ್ಷ ಮಾತ್ರ ಉಚಿತ ಎಂಬುದು ಅಲ್ಲಿಯೇ ಹೊರಬೀಳುತ್ತದೆ. ಓಟಿಪಿಯನ್ನು ಪ್ರತಿನಿಧಿಗೂ ಹೇಳಬಾರದು.

ಕಾರ್ಡು ಬಂದ ಮೇಲೆ ಮೊದಲ ಮೂರು ತಿಂಗಳು ಮಿತಿಯ ಶೇಕಡಾ 30ರೊಳಗೆ ಬಳಸಿ, ಪೂರ್ತಿ ಬಿಲ್ಲಿಗೆ ಆಟೋ ಡೆಬಿಟ್ ಹಚ್ಚಿ. ವರ್ಷ ತುಂಬುವ ತಿಂಗಳು ಬಂದಾಗ ಸಿಕ್ಕ ರಿವಾರ್ಡು ಮತ್ತು ಕಟ್ಟಿದ ಶುಲ್ಕವನ್ನು ಎದುರುಬದುರು ಬರೆದು ನೋಡಿ. ಶುಲ್ಕವೇ ಹೆಚ್ಚಾಗಿದ್ದರೆ ಬಾಕಿ ಚುಕ್ತಾ ಮಾಡಿ ಕಾರ್ಡು ಮುಚ್ಚಲು ಬರೆದುಕೊಡಿ. ಬಾಕಿಯಿಲ್ಲದ ಕಾರ್ಡನ್ನು ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೇ ಕೊಡಬೇಕು. ನನ್ನ ಲಾಂಜ್ ಕಾರ್ಡು ಮುಚ್ಚುವಾಗ ಈ ನಿಯಮ ನನಗೆ ತಿಳಿದಿರಲಿಲ್ಲ. ಒಂದೂವರೆ ತಿಂಗಳು ಫೋನು ಮಾಡುತ್ತಲೇ ಇದ್ದೆ.