ಎಕ್ಸ್‌ರೇಯಲ್ಲಿ ಕಾಣುವ ಬೋನ್ ಸಿಮೆಂಟ್: ನಾನು ಮಾಡಿ ನೋಡಿದ್ದು

ಕೃತಕ ಕೀಲನ್ನು ಮೂಳೆಗೆ ಕೂರಿಸಲು, ಕುಸಿದ ಮೂಳೆಯನ್ನು ತುಂಬಲು ಬಳಸುವುದು ಬೋನ್ ಸಿಮೆಂಟ್. ಹೆಸರಿಗಷ್ಟೇ ಇದು ಸಿಮೆಂಟ್. ನಿಜವಾಗಿ ಪಿಎಂಎಂಎ ಅನ್ನುವ ಪ್ಲಾಸ್ಟಿಕ್. ಒಂದು ಪುಡಿ, ಒಂದು ದ್ರವ. ಎರಡನ್ನೂ ಕಲಸಿದರೆ ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ ಗಟ್ಟಿಯಾಗುತ್ತದೆ. ತೊಂದರೆ ಏನೆಂದರೆ, ಎಕ್ಸ್‌ರೇ ಮಟ್ಟಿಗೆ ಇದು ಇದ್ದೂ ಇಲ್ಲದ ಹಾಗೆ. ಇದರಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ. ಎಲ್ಲ ಹಗುರ ಧಾತುಗಳು, ಕಿರಣವನ್ನು ತಡೆಯುವಷ್ಟು ಶಕ್ತಿ ಇಲ್ಲ.

ಸೊಂಟದ ಕೀಲಿನ ಆಪರೇಷನ್ನಿನಲ್ಲಿ ಮೂಳೆ ಕಣ್ಣೆದುರೇ ತೆರೆದಿರುತ್ತದೆ. ಬೆನ್ನುಮೂಳೆಯ ವಿಷಯ ಹಾಗಲ್ಲ. 1984ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ವರ್ಟೆಬ್ರೊಪ್ಲಾಸ್ಟಿಯಲ್ಲಿ ಚರ್ಮದ ಮೇಲಿಂದಲೇ ಸೂಜಿ ಇಳಿಸಿ, ಕುಸಿದ ಮೂಳೆಯೊಳಗೆ ಸಿಮೆಂಟ್ ಒತ್ತುತ್ತಾರೆ. ಸರ್ಜನ್‌ಗೆ ಕಾಣುವುದು ಸ್ಕ್ರೀನ್ ಮಾತ್ರ. ಆ ಮೂಳೆಯ ಹಿಂದಿನ ಗೋಡೆ ದಾಟಿದರೆ ಬೆನ್ನುಹುರಿ ಇದೆ. ರಕ್ತನಾಳಕ್ಕೆ ನುಗ್ಗಿದರೆ ಶ್ವಾಸಕೋಶದ ತನಕ ಹೋಗಬಹುದು. ಸೋರುವ ಮೊದಲ ಎಳೆಯೇ ಕಣ್ಣಿಗೆ ಬೀಳಬೇಕು.

ಅದಕ್ಕೇ ಎಕ್ಸ್‌ರೇ ತಡೆಯುವ ಬೇರಿಯಂ ಸಲ್ಫೇಟ್ ಬೆರೆಸುವುದು. ಕೀಲಿನ ಸಿಮೆಂಟಿನಲ್ಲಿ ಪುಡಿಯ ತೂಕದ ಸುಮಾರು 10% ಇದ್ದರೆ, ಬೆನ್ನುಮೂಳೆಯದರಲ್ಲಿ 30%ರ ಆಸುಪಾಸು. ಜಿರ್ಕೋನಿಯಂ ಡೈಆಕ್ಸೈಡನ್ನೂ ಬಳಸುತ್ತಾರೆ. ಆದರೆ ಅದರ ಕಣ ತುಂಬಾ ಗಟ್ಟಿ, ಉಜ್ಜಿದ್ದನ್ನೆಲ್ಲ ಗೀರುತ್ತದೆ. ನಾನು ಬೇರಿಯಂ ಆರಿಸಿಕೊಂಡೆ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಬೇರಿಯಂ ಕಣ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ, ಸುಮ್ನೆ ಒಳಗೆ ಕೂತಿರುತ್ತದೆ. ಗಟ್ಟಿಯಾದ ತುಂಡನ್ನು ಮುರಿದು ಆ ಮುಖವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಿಳಿ ಗಂಟುಗಳು, ಗಂಟಿನ ಸುತ್ತ ಸಣ್ಣ ಖಾಲಿ ಜಾಗ. ಬಿರುಕು ಹೊರಡುವುದು ಅಲ್ಲಿಂದಲೇ. ಕಣ ಸಣ್ಣದಾದಷ್ಟೂ ಒಂದಕ್ಕೊಂದು ಅಂಟಿಕೊಳ್ಳುವುದು ಜಾಸ್ತಿ. ಹಾಗಾಗಿ ಬೇರಿಯಂಗೆ ಸಿಲೇನ್ ಲೇಪನ ಕೊಟ್ಟೆ, ಕಣವನ್ನು ಪ್ಲಾಸ್ಟಿಕ್ಕಿಗೆ ಹಿಡಿದಿಡುವ ರಾಸಾಯನಿಕ ಅದು. ದ್ರವ ಹಾಕುವ ಮುಂಚೆಯೇ ಪಾಲಿಮರ್ ಪುಡಿಯ ಜೊತೆ ಒಣದಾಗಿ ಚೆನ್ನಾಗಿ ಉರುಳಿಸಿ ಬೆರೆಸಿದೆ. ಗಂಟುಗಳು ಎದ್ದು ಕಾಣುವಷ್ಟು ಕಮ್ಮಿಯಾದವು. ಐಎಸ್‌ಒ 5833 ಎಂಬ ಬೋನ್ ಸಿಮೆಂಟಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಗಟ್ಟಿಯಾದ ಸಿಮೆಂಟ್ ಕನಿಷ್ಠ 70 ಮೆಗಾಪಾಸ್ಕಲ್ ಒತ್ತಡ ತಾಳಬೇಕು. ಅದನ್ನು ದಾಟದ ಮಿಶ್ರಣ ಎಷ್ಟು ಬೆಳ್ಳಗೆ ಕಂಡರೂ ಪಕ್ಕಕ್ಕಿಟ್ಟೆ.

ಎಷ್ಟು ಕಾಣುತ್ತದೆ ಅಂತ ಅಳೆಯಲು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಅಲ್ಯುಮಿನಿಯಂ ತುಂಡೊಂದಿದೆ. ಸಿಮೆಂಟಿನ ಬಿಲ್ಲೆಯನ್ನು ಅದರ ಪಕ್ಕ ಇಟ್ಟು ಒಂದೇ ಎಕ್ಸ್‌ರೇ ತೆಗೆದು, ಯಾವ ಮೆಟ್ಟಿಲಿನಷ್ಟು ಬೆಳ್ಳಗಿದೆ ಅಂತ ನೋಡುವುದು. ಸಂಖ್ಯೆ ಚೆನ್ನಾಗಿ ಬರುತ್ತದೆ, ಆದರೆ ಅದನ್ನೇ ನಂಬಿ ಕೂತರೆ ಆಗಲ್ಲ. ಮೇಜಿನ ಮೇಲಿನ ಬಿಲ್ಲೆ ಅಲುಗುವುದಿಲ್ಲ, ಅದರ ಮುಂದೆ ರೋಗಿಯ ಹೊಟ್ಟೆಯೂ ಇಲ್ಲ, ಅಲ್ವಾ?

ಹಾಗಾಗಿ ಮೂಳೆಯಂಥ ಫೋಮ್ ತುಂಡನ್ನು ನೀರಿನ ತೊಟ್ಟಿಯ ಹಿಂದೆ ಇಟ್ಟು, ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಯಂತ್ರ) ಕೆಳಗೆ ಸೂಜಿಯಿಂದ ಒತ್ತಿ ನೋಡಿದೆ. ಸಿಮೆಂಟ್ ಚೆನ್ನಾಗಿಯೇ ಕಂಡಿತು. ಆದರೆ ಒಂದೇ ಸಮ ಬಿಳಿ. ತುಂಬಿಕೊಂಡಿದ್ದು ಗೊತ್ತಾಗುತ್ತಿತ್ತು, ಯಾವ ಕಡೆ ಹರಿಯುತ್ತಿದೆ ಅನ್ನುವುದು ತಿಳಿಯುತ್ತಿರಲಿಲ್ಲ. ಗಂಟು ಬೇಡ ಎಂದು ಅಷ್ಟು ಒದ್ದಾಡಿದ ಮೇಲೆ ಬೇಕೆಂದೇ ಬೇರಿಯಂನ ಒಂದಿಷ್ಟು ದೊಡ್ಡ ಕಣ ಸೇರಿಸಬೇಕಾಯಿತು! ಒಂದು ಮಿಲಿಮೀಟರಿಗಿಂತ ಚಿಕ್ಕವು, ಸೂಜಿಯಲ್ಲಿ ಸಿಕ್ಕಿಕೊಳ್ಳದಂಥವು. ಮಸುಕು ಬಿಳಿಯ ನಡುವೆ ಕಪ್ಪಗೆ ಕಾಣುವ ಚುಕ್ಕೆಗಳಲ್ಲ, ಅದಕ್ಕಿಂತ ಗಾಢ ಬಿಳಿ ಚುಕ್ಕೆಗಳು. ಅವು ಓಡುವ ದಿಕ್ಕೇ ಸಿಮೆಂಟ್ ಓಡುವ ದಿಕ್ಕು. ಚುಕ್ಕೆ ಹಿಂದಿನ ಗೋಡೆಯತ್ತ ತಿರುಗಿದರೆ ಕೈ ನಿಲ್ಲಿಸಬಹುದು. ಇವುಗಳ ಬಲಪರೀಕ್ಷೆಯನ್ನು ಮತ್ತೆ ಮೊದಲಿಂದ ಮಾಡಬೇಕಾಯಿತು, ಆ ಮಾತು ಬೇರೆ.

ಇಷ್ಟು ಹೇಳಿದ ಮೇಲೆ ಒಂದು ಮಾತು. ಕೀಲಿನ ಸಿಮೆಂಟಿಗೆ ಆಪರೇಷನ್ ಥಿಯೇಟರಿನಲ್ಲೇ ಇನ್ನಷ್ಟು ಬೇರಿಯಂ ಸೇರಿಸಿ ಬೆನ್ನುಮೂಳೆಗೆ ಬಳಸುವ ರೂಢಿ ಹಿಂದೆ ಇತ್ತು. ನಾನು ಬೇಡ ಅನ್ನುತ್ತೇನೆ. ಪುಡಿ ಮತ್ತು ದ್ರವದ ಲೆಕ್ಕ ತಪ್ಪಿದರೆ ಗಟ್ಟಿಯಾಗುವ ಹೊತ್ತೂ ಬಲವೂ ಎರಡೂ ಬದಲಾಗುತ್ತವೆ. ರೂಮು ಬಿಸಿ ಇದ್ದರಂತೂ ಸಿಮೆಂಟ್ ಇನ್ನೂ ಬೇಗ ಗಟ್ಟಿಯಾಗುತ್ತದೆ. ನಮ್ಮ ಪರೀಕ್ಷೆಗಳೆಲ್ಲ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆದವು.